ಮುದ್ದೆಯಲ್ಲಿ ಅಳತೆ ತೆಗೆದ ಸೀಟು

ಮೈಸೂರಿನಲ್ಲಿ ಸಿಂಹಾಸನ ನೋಡಬೇಕೆಂದರೆ ಜನ ದಸರೆಯ ಹೊತ್ತಿಗೆ ಅರಮನೆಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ. ಇನ್ನು ಮುಂದೆ ಆ ಕಷ್ಟವೇ ಬೇಡ! ಅಶೋಕಪುರಂನ ನಮ್ಮ ಬೀದಿಗೆ ಬಂದರೆ ಸಾಕು, ಎರಡು ಚಕ್ರದ ಮೇಲೆ ಓಡಾಡುವ ಸಿಂಹಾಸನವನ್ನೇ ತೋರಿಸುತ್ತೇನೆ! ಹೀಗೆಂದು ಸಣ್ಣಮಾದಯ್ಯನವರ ಮಗ ಸಿದ್ದೇಶನಾದ ನಾನು ಒಂದು ಸೋಮವಾರ ಬೆಳಿಗ್ಗೆ ಘೋರ ಪ್ರತಿಜ್ಞೆ ಮಾಡಿದೆ. ಜೋರಾಗಿ ಅಲ್ಲ, ಮನಸ್ಸಿನಲ್ಲೇ. ನನ್ನ ಪ್ರತಿಜ್ಞೆಗಳೆಲ್ಲ ಮನಸ್ಸಿನಲ್ಲೇ ಆಗುವುದು. ಬಾಯಿ ಬಿಟ್ಟರೆ ಎದುರಿನವರು ತಿರುಗಿ ನೋಡುತ್ತಾರೆ, ಅವರು ನೋಡಿದರೆ ನನಗೆ ಮುಂದಿನ ಮಾತು ಮರೆತುಹೋಗುತ್ತದೆ.

ಪ್ರತಿಜ್ಞೆಗೆ ಕಾರಣ ಅಪ್ಪನ ಸೊಂಟ.

ಅಪ್ಪನದು ಹಳೇ ಕಾಲದ ಠೀವಿಯ ಮೋಟಾರ್ ಸೈಕಲ್. ಗುಂಡಗಿನ ದೀಪ, ಉಬ್ಬಿದ ಟ್ಯಾಂಕು, ಓಡಿಸುವವರಿಗೆ ಒಂದು ಸೀಟು, ಹಿಂದೆ ಕೂರುವವರಿಗೆ ಬೇರೆಯೇ ಒಂದು ಚಿಕ್ಕ ಸೀಟು. ಸ್ಟಾರ್ಟ್ ಮಾಡಿದರೆ ಬೀದಿಯ ನಾಯಿಗಳು ಎದ್ದು ನಿಂತು ಮರ್ಯಾದೆ ಕೊಡುತ್ತವೆ. ನೋಡುವುದಕ್ಕೆ ರಾಜಗಾಂಭೀರ್ಯ, ಕೂರುವುದಕ್ಕೆ ಕಲ್ಲುಬೆಂಚು! ದಿನಾ ಅದರ ಮೇಲೆ ಮೇಟಗಳ್ಳಿಯ ಕಾರ್ಖಾನೆಗೆ ಹೋಗಿ ಬರುವ ಅಪ್ಪ, ಇಳಿದ ಮೇಲೂ ಸ್ವಲ್ಪ ಹೊತ್ತು ಗಾಡಿ ಓಡಿಸುವ ಭಂಗಿಯಲ್ಲೇ ಮನೆಯೊಳಗೆ ನಡೆದು ಬರುತ್ತಿದ್ದರು.

ಆ ಸೋಮವಾರ ಅವರು ತಿಂಡಿ ತಟ್ಟೆ ಸರಿಸಿ ಅವ್ವನಿಗೆ ಹೇಳಿದರು: "ಗಾಡಿ ಮಾರ್ಬುಡ್ತೀನಿ ಕಣಮ್ಮಿ. ಇಲವಾಲದ ಕರಿಬಸವಯ್ಯೋರು ಕೇಳ್ತಾವ್ರೆ. ಭಾನುವಾರ ಬತ್ತಾರಂತೆ."

"ಮಾರಿ ಅತ್ಲಾಗೆ! ನಿಮ್ಮ ಸೊಂಟಕ್ಕೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಬಿದ್ದೋಗವೆ," ಎಂದಳು ಅವ್ವ.

ನಾನು ಬಾಯಿಗೆತ್ತಿದ ಉಪ್ಪಿಟ್ಟನ್ನು ತಟ್ಟೆಗೇ ವಾಪಸ್ ಇಟ್ಟೆ.

ಯಾಕೆಂದರೆ, ನಾನು ಪಿಯುಸಿ ಅರ್ಧಕ್ಕೆ ಬಿಟ್ಟ ಮೇಲೆ ಅಪ್ಪ ನನ್ನ ಜೊತೆ ಆಡುವ ಮಾತೆಲ್ಲ ಗಾಡಿಯದ್ದೇ. "ಗಾಳಿ ನೋಡ್ದಾ?" "ನೋಡ್ದೆ." "ಚೈನು?" "ಎಣ್ಣೆ ಬುಟ್ಟಿದ್ದೀನಿ." ದಿನಕ್ಕೆ ಇಷ್ಟೇ. ಇಷ್ಟಕ್ಕೋಸ್ಕರ ನಾನು ಆ ಚೈನಿಗೆ ಮದುವೆ ಹೆಣ್ಣಿನ ತಲೆಗೆ ಹಚ್ಚುವಂತೆ ಎಣ್ಣೆ ಹಚ್ಚುತ್ತಿದ್ದೆ. ಗಾಡಿ ಹೋದರೆ ಈ ಮಾತೂ ಅದರ ಹಿಂದಿನ ಸೀಟು ಹತ್ತಿ ಇಲವಾಲಕ್ಕೆ ಹೊರಟುಹೋಗುತ್ತದೆ!

ಆದ್ದರಿಂದ, ಭಾನುವಾರದೊಳಗೆ ಅಪ್ಪನಿಗೆ ಹೂವಿನಂಥ ಸೀಟು! ಸೊಂಟ ನೋವು ಮಾಯ! ಕರಿಬಸವಯ್ಯನವರಿಗೆ ಕಾಫಿ ಕೊಟ್ಟು ಕೈಮುಗಿದು ಕಳಿಸುವುದು!

ನಾನು ಯಾವ ಕೆಲಸವನ್ನೂ ಅವಸರದಲ್ಲಿ ಮಾಡುವವನಲ್ಲ. ಮೊದಲು ಬೀದಿಯಲ್ಲಿ ನಿಂತಿದ್ದ ಗಾಡಿಗಳ ಸೀಟುಗಳನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಧ್ಯಯನ ಮಾಡಿದೆ. ಒಂದು ಗಾಡಿಯ ಒಡೆಯರು ಹೊರಗೆ ಬಂದು, "ಏನಪ್ಪಾ, ಮಾವಿನಣ್ಣು ಆರಿಸ್ತಿದ್ದೀಯಾ? ಬೇಕಾದ್ರೆ ಮೂಸಿನೂ ನೋಡು!" ಎಂದರು. ನಾನು ಗಾಬರಿಯಲ್ಲಿ "ಬೇಡ ಸಾರ್, ಹಣ್ಣಾಗಿದೆ" ಎಂದು ಓಡಿದೆ.

ಕೊನೆಗೆ ಮೇಟಗಳ್ಳಿಯಲ್ಲಿ ಗಾಡಿಗಳ ಸೀಟು ಹೊಲಿಯುವ ನಾಗಾರ್ಜುನನ ಅಂಗಡಿಗೆ ಹೋದೆ.

"ರೆಡಿಮೇಡ್ ಸೀಟು ಹಾಕ್ಸಿದ್ರೆ ಸೊಂಟದ ನೋವು ಬೆನ್ನಿಗೆ ಹತ್ತುತ್ತೆ, ಅಷ್ಟೇ ಲಾಭ," ಎಂದ ನಾಗಾರ್ಜುನ. "ಕೂರೋರ ಅಳತೆಗೆ ಸ್ಪಂಜು ಕೊರೀಬೇಕು. ನಿಮ್ಮಪ್ಪನ್ನ ಕರ್ಕೊಂಡ್ ಬಾ, ಮೆತ್ತಗಿರೋ ಜೇಡಿಮಣ್ಣಿನ ಮೇಲೆ ಕೂರಿಸಿ ಅಚ್ಚು ತಗೋತೀನಿ."

"ಅವರು ಬರಲ್ಲ ಅಣ್ಣ."

"ಯಾಕೆ?"

"ನಾನು ಕರೆಯಲ್ಲ."

ನಾಗಾರ್ಜುನ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾದ್ರೆ ಅಚ್ಚು ನೀನೇ ತಗೊಂಡ್ ಬಾರಪ್ಪ!"

ಮನೆಗೆ ಬಂದು ಕನ್ನಡಿಯ ಎದುರು ಅಭ್ಯಾಸ ಮಾಡಿದೆ. "ಅಪ್ಪಾ, ದಯವಿಟ್ಟು ತಮ್ಮ ಹಿಂಭಾಗವನ್ನು..." ಛೆ! ಚೈನಿನಿಂದಾಚೆಗೆ ಮಾತೇ ಆಡದವರ ಹತ್ತಿರ ನೇರ ಅಲ್ಲಿಗೆ ಹೇಗೆ ಹೋಗುವುದು?

ಮಧ್ಯಾಹ್ನ ಊಟಕ್ಕೆ ಕೂತೆ. ಮುದ್ದೆಯ ನಡುವೆ ಗುಳಿ ಮಾಡಿದೆ. ಯೋಚನೆಯಲ್ಲಿ ಸಾರು ಹಾಕಿಕೊಳ್ಳುವುದನ್ನೇ ಮರೆತೆ. ಎಚ್ಚರವಾಗಿ ನೋಡಿದರೆ ಮುದ್ದೆ ಆರಿ ಗಟ್ಟಿಯಾಗಿದೆ, ಗುಳಿ ಹಾಗೇ ಇದೆ, ನನ್ನ ಬೆರಳಿನ ಗೆರೆಗಳೂ ಸಹ ಅಚ್ಚೊತ್ತಿವೆ! ಜಗತ್ತಿನ ದೊಡ್ಡ ದೊಡ್ಡ ಸಂಶೋಧನೆಗಳೆಲ್ಲ ಹೀಗೆಯೇ ಊಟ ಮರೆತವರಿಂದಲೇ ಆಗಿರಬೇಕು!

ಬುಧವಾರ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತೆ. "ಅವ್ವಾ, ಇವತ್ತು ಮುದ್ದೆ ಸ್ವಲ್ಪ ಜಾಸ್ತಿ ಮಾಡು."

"ಎಷ್ಟು ಜಾಸ್ತಿ?"

"ಒಂದು... ಕುರ್ಚಿ ತುಂಬೋವಷ್ಟು."

ಅವ್ವ ಎರಡನೆಯ ಮಾತು ಕೇಳಿಸಿಕೊಳ್ಳಲೇ ಇಲ್ಲ. ಕಡ್ಡಿಯಂಥ ಮಗ ಕೊನೆಗೂ ಉಣ್ಣಲು ಮನಸ್ಸು ಮಾಡಿದನಲ್ಲ ಎಂದು ಅವಳ ಕಣ್ಣು ತುಂಬಿತು. ದೊಡ್ಡ ಪಾತ್ರೆ ಇಳಿಸಿ, ಸೆರಗು ಸಿಕ್ಕಿಸಿ, ಮುದ್ದೆ ಕೋಲು ಹಿಡಿದು ಪ್ರೀತಿಯಿಂದ ತಿರುವಿದಳು. ಆ ಪ್ರೀತಿಯನ್ನೆಲ್ಲ ನಾನು ಒಂದು ಅಗಲವಾದ ತಟ್ಟೆಗೆ ತಟ್ಟಿ, ಒದ್ದೆ ಕೈಯಲ್ಲಿ ನುಣ್ಣಗೆ ಸವರಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ.

ಅಪ್ಪನಿಗೆ ಬಿಸಿ ತಾಗಬಾರದಲ್ಲ? ಎಚ್ಚರಿಕೆಯಿಂದ ಮೊದಲು ನಾನೇ ಕೂತು ಪರೀಕ್ಷಿಸಿದೆ.

ಅಯ್ಯಯ್ಯೋ! ಆಮೇಲಿನ ಪರೀಕ್ಷೆಗಳನ್ನೆಲ್ಲ ನಾನು ತಣ್ಣೀರು ತುಂಬಿದ ಟಬ್ಬಿನಲ್ಲಿ ಕೂತು, ಕೈಬೆರಳಿನಿಂದ ಮಾಡಿದೆ. ಬಿಸಿ ಹದಕ್ಕೆ ಇಳಿದ ಮೇಲೆ ಮುದ್ದೆಯನ್ನು ಮತ್ತೆ ಸವರಿ, ತಟ್ಟೆಯನ್ನು ಅಪ್ಪನ ಬೆತ್ತದ ಕುರ್ಚಿಯ ಮೇಲಿಟ್ಟು, ಅವರು ದಿನಾ ಹಾಸಿಕೊಳ್ಳುವ ತೆಳ್ಳನೆ ಟವಲನ್ನು ಮೇಲೆ ಹಾಸಿದೆ. ಅಷ್ಟರಲ್ಲಿ ಗಾಡಿಯ ಸದ್ದು! ನಾನು ಹಿತ್ತಲ ಮೆಟ್ಟಿಲು ಹತ್ತಿ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಅಡಗಿದೆ.

ಕೆಳಗೆ ಅಪ್ಪನ ದನಿ. ಅವ್ವನ ಬಳೆ ಸದ್ದು. ಕುರ್ಚಿ "ಕಿರ್ರ್" ಎಂದಿತು. ಕೂತರು! ಕಾಫಿ ಲೋಟದ ಸದ್ದು. ನಾನು ಟ್ಯಾಂಕನ್ನು ಅಪ್ಪಿಕೊಂಡು ಸಂಭ್ರಮಪಟ್ಟೆ. ಎಲ್ಲ ಸದ್ದು ಅಡಗಿದ ಮೇಲೆ ಇಳಿದು ಬಂದು ಟವಲು ಎತ್ತಿ ನೋಡಿದೆ.

ಏನು ಹೇಳಲಿ ಆ ದೃಶ್ಯವನ್ನು! ಎರಡು ಗಂಭೀರವಾದ ಕಣಿವೆಗಳು, ನಡುವೆ ನಾಜೂಕಾದ ಒಂದು ದಿಣ್ಣೆ. ಭೂಗೋಳದ ಪುಸ್ತಕದಲ್ಲಿ ಹಾಕಬೇಕಾದ ಚಿತ್ರ! "ಮುದ್ದೆ ಎಲ್ಲೋ?" ಎಂದು ಅವ್ವ ಕೇಳಿದಾಗ "ಮುಗೀತು" ಎಂದೆ. ಅವಳು ನನ್ನ ಹೊಟ್ಟೆ ನೋಡಿ, ದೃಷ್ಟಿ ತಾಗದಿರಲೆಂದು ನೆಟಿಗೆ ಮುರಿದಳು.

ಮಾರನೆಯ ದಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಬಟ್ಟೆಯ ಅಂಚು ಸರಿಸಿ ಒಳಗೆ ಇಣುಕಿದರು.

"ಮುದ್ದೆಯೇನಪ್ಪಾ?"

"ಹೂಂ ಅಜ್ಜಿ."

"ಇದೇನು ಹಿಂಗೆ ಕುಸಿದೋಗದೆ? ಯಾರಾನಾ ಮೇಲೆ ಕೂತ್ಬುಟ್ರಾ?"

"ಹೂಂ ಅಜ್ಜಿ. ನಮ್ಮಪ್ಪ."

ಅಜ್ಜಿ ಮುಂದಿನ ಸ್ಟಾಪಿನಲ್ಲೇ ಇಳಿದುಹೋದರು.

ನಾಗಾರ್ಜುನ ಅಚ್ಚನ್ನು ಬೆಳಕಿಗೆ ಹಿಡಿದು ಶಿಳ್ಳೆ ಹಾಕಿದ. "ನಿಮ್ಮಪ್ಪ ಭಾರೀ ಆಳು ಕಣಪ್ಪ!"

ನನಗೆ ಕ್ಷಣ ಗೊಂದಲವಾಯಿತು. ಅಪ್ಪ ನೋಡುವುದಕ್ಕೆ ನುಗ್ಗೆಕಾಯಿಯಂತಿದ್ದಾರೆ. ಆದರೆ ಮುದ್ದೆ ಸುಳ್ಳು ಹೇಳುತ್ತದೆಯೇ? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅಪ್ಪನನ್ನು ನಾನು ಪೂರ್ತಿಯಾಗಿ ಅರಿತಿಲ್ಲವಲ್ಲ ಎಂದು ನೊಂದುಕೊಂಡೆ!

ಶನಿವಾರ ಅಪ್ಪ ಸೊಂಟ ಹಿಡಿದುಕೊಂಡು ಬಸ್ಸಿನಲ್ಲಿ ಕೆಲಸಕ್ಕೆ ಹೋದರು. ನಾನು ಗಾಡಿಯ ಮುಂದಿನ ಸೀಟು ಬಿಚ್ಚಿಕೊಂಡು ನಾಗಾರ್ಜುನನಲ್ಲಿಗೆ ಓಡಿದೆ. ಅವನು ಹಳೆಯ ಸ್ಪಂಜನ್ನೆಲ್ಲ ಕಿತ್ತು ಬಿಸಾಡಿ, ಅದೇ ತಗಡಿನ ಮೇಲೆ ಮುದ್ದೆಯ ಅಚ್ಚಿನಂತೆಯೇ ಹೊಸ ಸ್ಪಂಜು ಕೊರೆದು ಕೂರಿಸಿ, ಕಂದು ಬಣ್ಣದ ಹೊದಿಕೆ ಹೊಲಿದುಕೊಟ್ಟ. ಸಂಜೆಗೆ ಗಾಡಿ ಸಿದ್ಧ! ಮೇಲೆ ಬೆಡ್‌ಶೀಟ್ ಹೊದಿಸಿ ನಿಲ್ಲಿಸಿದೆ.

ಭಾನುವಾರ ಬೆಳಿಗ್ಗೆ ಅಪ್ಪ ಅಂಗಳಕ್ಕೆ ಬಂದರು. ನಾನು ಬೆಡ್‌ಶೀಟ್ ಎಳೆದೆ. ಅಪ್ಪ ಹುಬ್ಬೇರಿಸಿದರು, ಕಾಲು ಹಾಕಿದರು, ಕೂತರು.

ಅಪ್ಪ ಎಡಗಡೆಯ ಕಣಿವೆಗೆ ಜಾರಿದರು. ಮೇಲೆದ್ದರು. ಬಲಗಡೆಯ ಕಣಿವೆಗೆ ಜಾರಿದರು. ದೊಡ್ಡ ಬೋಗುಣಿಯಲ್ಲಿ ಒಂದೇ ಒಂದು ಕಡಲೆಕಾಳು ಉರುಳಿದ ಹಾಗೆ!

"ಏನ್ಲಾ ಇದು? ನಾನು ಕೂತಿದ್ದೀನೋ, ಬಿದ್ದಿದ್ದೀನೋ?"

"ನಿಮ್ಮದೇ ಅಳತೆ ಅಪ್ಪಾ... ಬುಧವಾರ... ನಿಮ್ಮ ಕುರ್ಚೀಲಿ..."

"ಬುಧವಾರ ನಿಮ್ಮಪ್ಪ ಕುರ್ಚೀಲಿ ಎಲ್ಲೋ ಕೂತ್ರು?" ಎಂದಳು ಬಾಗಿಲಲ್ಲಿದ್ದ ಅವ್ವ. "ಗಾಡಿ ಒಂದ್ ಕಿತ ನೋಡ್ಬೇಕು ಅಂತ ಕರಿಬಸವಯ್ಯೋರು ನಿಮ್ಮಪ್ಪನ ಹಿಂದೇನೇ ಕೂತ್ಕೊಂಡು ಬಂದಿರ್ಲಿಲ್ವಾ? ಮನೆಗೆ ಬಂದೋರು ಅಂತ ಅವರಿಗೆ ಕುರ್ಚಿ ಬುಟ್ಕೊಟ್ಟು ನಿಮ್ಮಪ್ಪ ಹೊಸಲ ಮೇಲೆ ಕೂತಿದ್ರು."

ನನ್ನ ಕಾಲ ಕೆಳಗಿನ ಅಶೋಕಪುರಂ ಕುಸಿಯಿತು. ಅದೇ ಗಳಿಗೆಗೆ ಬೀದಿಯ ತುದಿಯಲ್ಲಿ ಆಟೋ ನಿಂತಿತು. ಮೊದಲು ಒಂದು ಹೊಟ್ಟೆ ಇಳಿಯಿತು, ಆಮೇಲೆ ಕರಿಬಸವಯ್ಯನವರು ಇಳಿದರು. ಇಲವಾಲದಲ್ಲಿ ಅವರದು ಹಿಂಡಿ-ಬೂಸಾ ಅಂಗಡಿ. ನಾನು ಅವರ ಮುಖ ನೋಡಲಿಲ್ಲ. ಅವರು ತಿರುಗಿದಾಗ ನೋಡಿದೆ. ಅದೇ! ಅವೇ ಕಣಿವೆಗಳು!

"ಓಹೋ, ಸೀಟೆಲ್ಲ ಹೊಸದು ಹಾಕ್ಸಿದ್ದೀರಿ!" ಎನ್ನುತ್ತ ಅವರು ಗಾಡಿ ಹತ್ತಿ ಕೂತರು. ಕೂತವರ ಕಣ್ಣು ಹಾಗೇ ಮುಚ್ಚಿತು. "ಆ...ಹಾ! ಏನ್ರೀ ಸಣ್ಣಮಾದಯ್ಯ ಇದು! ನಮ್ಮವ್ವನ ತೊಡೆ ಮೇಲೆ ಕೂತಂಗದೆ! ನೀವು ಹೇಳಿದ ರೇಟಿಗೇ ಆಯ್ತು. ಚೌಕಾಸಿಯೇ ಬೇಡ. ಕೊಡಿ ಕೀಲಿ!"

ಗಾಡಿ ಉಳಿಸುವುದಕ್ಕೆಂದು ಮಾಡಿಸಿದ ಸೀಟೇ ಗಾಡಿಯನ್ನು ಮಾರುತ್ತಿದೆ! ಅಪ್ಪ ಜೇಬಿಗೆ ಕೈ ಹಾಕಿದರು. ಕೀಲಿ ಹೊರಗೆ ಬಂತು. ಆಗ ಅಂಗಳದಲ್ಲಿ ಯಾರೋ "ಮಾರ್ಬೇಡೀಽಽ!" ಎಂದು ಕಿರುಚಿದರು. ಎಲ್ಲರೂ ನನ್ನ ಕಡೆ ತಿರುಗಿದ್ದರಿಂದ ಕಿರುಚಿದವನು ನಾನೇ ಎಂದು ತಿಳಿಯಿತು.

ತಿಳಿದ ಮೇಲೆ ನಿಲ್ಲಿಸಲು ಬರಲಿಲ್ಲ. "ಮಾರ್ಬೇಡಿ ಅಪ್ಪಾ! ಗಾಡಿ ಹೋದ್ರೆ ನೀವು ನನ್ನ ಹತ್ರ ಏನು ಮಾತಾಡ್ತೀರಿ? ಅದಕ್ಕೇ ಸೀಟು ಮಾಡಿಸ್ದೆ. ನಿಮ್ಮನ್ನ ಕೇಳೋಕೆ ನಾಚಿಕೆ ಆಯ್ತು. ಮುದ್ದೆ ಇಟ್ಟೆ. ಇವರು ಕೂತ್ಬುಟ್ರು!"

ಕರಿಬಸವಯ್ಯನವರು ನಿಧಾನವಾಗಿ ಕೇಳಿದರು: "ನನ್ನ ಕೆಳಗೆ ಮುದ್ದೆ ಇತ್ತಾ?"

"ಇತ್ತು ಸಾರ್."

"ಅದಕ್ಕೇ ಅಷ್ಟು ಬೆಚ್ಚಗಿತ್ತು! ನಾನು ಸಣ್ಣಮಾದಯ್ಯನ ಕುರ್ಚಿ ಗುಣ ಅಂದ್ಕೊಂಡು, ಮನೆಗೋಗಿ ನಮ್ಮನೆಯವಳ ಹತ್ರ ಹೊಗಳಿದ್ದೂ ಹೊಗಳಿದ್ದೇ!"

"ಅಯ್ಯೋ, ಅಷ್ಟು ಮುದ್ದೆನೂ ನೀನು ಉಂಡೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ನಲ್ಲೋ!" ಅವ್ವ ಹಣೆ ಚಚ್ಚಿಕೊಂಡಳು. "ಉಣ್ಣೋರಿಗೆ ತಿರುವಿ ತಿರುವಿ ಸಾಕಾಗೋಯ್ತು. ಇನ್ಮೇಲೆ ಕೂರೋರಿಗೂ ತಿರುವ್ಬೇಕಾ?"

ಕರಿಬಸವಯ್ಯನವರು ಹೊಟ್ಟೆ ಹಿಡಿದು ನಕ್ಕರು. ಅದಕ್ಕೆ ಎರಡೂ ಕೈ ಬೇಕಾಯಿತು. "ಗಾಡಿ ನೀವೇ ಮಡೀಕಳಿ ಸಣ್ಣಮಾದಯ್ಯ. ಇಷ್ಟು ಆಸೆಪಟ್ಟಿರೋ ಹುಡುಗನ ಹೊಟ್ಟೆ ಉರಿಸಿ ನಾನು ಓಡಿಸ್ಲಾ? ಆದ್ರೆ ಸೀಟು ನಂದು. ನನ್ನ ಅಳತೆ ನನ್ನ ಕೇಳ್ದಂಗೆ ತಗೊಂಡವ್ನೆ ಇವ್ನು! ಬೂಸಾ ಮೂಟೆ ಮೇಲೆ ಕೂತು ಕೂತು ನಂಗೂ ಸಾಕಾಗದೆ." ಸೀಟನ್ನು ನನ್ನ ಕೈಯಲ್ಲೇ ಬಿಚ್ಚಿಸಿ, ಕಂಕುಳಲ್ಲಿ ಇಟ್ಟುಕೊಂಡು, ಅದೇ ಆಟೋದಲ್ಲಿ ಹೊರಟುಹೋದರು.

ಅಂಗಳದಲ್ಲಿ ಉಳಿದದ್ದು ಅಪ್ಪ, ನಾನು, ಮುಂದಿನ ಸೀಟಿಲ್ಲದ ಗಾಡಿ.

"ಒಂದ್ ಮಾತು ಕೇಳಿದ್ರೆ ನಾನು ಕೂತ್ಕೊತಿರ್ಲಿಲ್ವೇನ್ಲಾ?" ಎಂದರು ಅಪ್ಪ. "ಇಷ್ಟಕ್ಕೆ ಇಷ್ಟು ನಾಚಿಕೆಯಾ? ಗಂಡಸಾಗಿ ಹುಟ್ಟಿ! ನಡಿ ನಾಳೆ, ಆ ಅಂಗಡಿಗೆ. ನಾನೇ ಬತ್ತೀನಿ. ಮಣ್ಣಿನ ಮೇಲೆ ಹೆಂಗೆ ಕೂರ್ಬೇಕು ಅಂತ ತೋರಿಸ್ತೀನಿ."

ಸೋಮವಾರ ಇಬ್ಬರೂ ಬಸ್ಸಿನಲ್ಲಿ ಹೋದೆವು. ಅಪ್ಪ ಎದೆ ಮುಂದೆ ಮಾಡಿಕೊಂಡು ನಡೆದರು. ನಾಗಾರ್ಜುನ ಅಂಗಡಿಯ ಮುಂದೆ, ರಸ್ತೆಗೆ ಕಾಣುವಂತೆ, ಸ್ಟೂಲಿನ ಮೇಲೆ ಒದ್ದೆ ಜೇಡಿಮಣ್ಣು ತಟ್ಟಿ ಇಟ್ಟಿದ್ದ. ಪಕ್ಕದ ಟೀ ಅಂಗಡಿಯಲ್ಲಿ ಅಪ್ಪನ ಕಾರ್ಖಾನೆಯವರ ಪಡೆಯೇ ನಿಂತಿತ್ತು. "ಏನ್ ಸಣ್ಣಮಾದಯ್ಯಣ್ಣ, ಇಲ್ಲಿ?" ಎಂದು ಎಲ್ಲರೂ ಗ್ಲಾಸು ಹಿಡಿದು ಹತ್ತಿರ ಬಂದರು.

"ಬನ್ನಿ ಯಜಮಾನ್ರೇ," ಎಂದ ನಾಗಾರ್ಜುನ. "ಯಾರ ಅಳತೆ? ಕೂರಿ."

ಅಪ್ಪ ಜೇಡಿಮಣ್ಣು ನೋಡಿದರು. ಗೆಳೆಯರನ್ನು ನೋಡಿದರು. ಅವರ ಕಿವಿ ಕೆಂಪಾಯಿತು. ನನ್ನ ಕಿವಿ ಕೆಂಪಾಗುವುದೂ ಹೀಗೆಯೇ. ಇದನ್ನು ನಾನು ಎಲ್ಲಿಂದ ತಂದೆನೆಂದು ಅವತ್ತು ಗೊತ್ತಾಯಿತು.

"ಇವನದು!" ಎಂದು ಅಪ್ಪ ನನ್ನನ್ನು ಮುಂದಕ್ಕೆ ತಳ್ಳಿದರು. "ನಂಗ್ಯಾಕೆ ಅಳತೆ? ಇನ್ಮೇಲೆ ಗಾಡಿ ಓಡ್ಸೋದು ಇವನೇ ತಾನೆ! ಲೈಸೆನ್ಸು ಬಂದಾಯ್ತು. ದಿನಾ ನನ್ನ ಕರ್ಕೊಂಡ್ ಬಂದು ಬುಡ್ತಾನೆ."

ಮೇಟಗಳ್ಳಿಯ ಅರ್ಧ ಜನರ ಎದುರಿಗೆ ನಾನು ಜೇಡಿಮಣ್ಣಿನ ಮೇಲೆ ಕೂತೆ. "ನೆಟ್ಟಗೆ ಕೂರಪ್ಪ, ಅಚ್ಚು ಸೊಟ್ಟಗಾಗುತ್ತೆ!" ಎಂದು ಟೀ ಕುಡಿಯುವವರೂ ಸಲಹೆ ಕೊಟ್ಟರು.

ಈಗ ದಿನಾ ಬೆಳಿಗ್ಗೆ ನಾನೇ ಅಪ್ಪನನ್ನು ಕೆಲಸಕ್ಕೆ ಬಿಡುತ್ತೇನೆ. ನನ್ನ ಸೀಟು ಹೂವು! ಮೋಡದ ಮೇಲೆ ಕೂತ ಹಾಗೆ! ಹಿಂದಿನ ಚಿಕ್ಕ ಸೀಟು ಮಾತ್ರ ಹಳೆಯದೇ, ಮೊದಲು ಮುಂದಿದ್ದ ಕಲ್ಲುಬೆಂಚಿಗೆ ಅದು ದೊಡ್ಡಣ್ಣ. ಅಶೋಕಪುರಂನಿಂದ ಮೇಟಗಳ್ಳಿಯವರೆಗೆ ಅಪ್ಪನ ಬಾಯಿ ಒಂದು ಕ್ಷಣ ಸುಮ್ಮನಿರುವುದಿಲ್ಲ. ಪ್ರತಿ ಹಳ್ಳಕ್ಕೂ, ಪ್ರತಿ ಉಬ್ಬಿಗೂ ನನ್ನ ಬೆನ್ನಿಗೊಂದು ಗುದ್ದು ಬೀಳುತ್ತದೆ.

"ಸೀಟು ನಿಂದಾದ್ರೆ ಏನ್ಲಾ, ಸೊಂಟ ನಂದು! ನೋಡ್ಕೊಂಡು ಓಡ್ಸು!"