ಪರೀಕ್ಷೆಯ ದಿನ ಆರೋಗ್ಯವಾಗಿದ್ದ ಕಾರಿಗೆ

ಗೆ,
ಬಿಳಿ ಕಾರು ಮಹಾಶಯರು,
ವಾಹನ ದುರಸ್ತಿ ತರಬೇತಿ ಶೆಡ್ಡು,
ಕಾಲೇಜಿನ ಹಿಂಭಾಗ.

ಮಾನ್ಯರೇ,

ಕಾಗದ ಬರೆಯುವವರು ಮೊದಲು ಎದುರಿನವರ ಕ್ಷೇಮ ವಿಚಾರಿಸಬೇಕು, ಆಮೇಲಷ್ಟೇ ತಮ್ಮ ಕಷ್ಟ ತೋಡಿಕೊಳ್ಳಬೇಕು ಎಂದು ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ತಮ್ಮ ವಿಷಯದಲ್ಲಿ ಮಾತ್ರ ಈ ಎರಡನ್ನೂ ಬೇರೆ ಮಾಡಲು ನನ್ನಿಂದ ಆಗುತ್ತಿಲ್ಲ, ಏಕೆಂದರೆ ತಾವು ಕ್ಷೇಮವಾಗಿದ್ದೀರಿ ಎಂಬುದೇ ನನ್ನ ಕಷ್ಟ. ತಮ್ಮ ಬ್ಯಾಟರಿ ಸದಾ ತುಂಬಿರಲಿ, ರೇಡಿಯೇಟರ್ ತಂಪಾಗಿರಲಿ, ಬ್ರೇಕು ಬಿಗಿಯಾಗಿರಲಿ ಎಂದು ಮನಸಾರೆ ಹಾರೈಸುತ್ತಾ, ಮೊನ್ನೆ ನನ್ನ ಪ್ರಾಯೋಗಿಕ ಪರೀಕ್ಷೆಯ ಹೊತ್ತಿನಲ್ಲಾದರೂ ಇವುಗಳಲ್ಲಿ ಒಂದೇ ಒಂದು ಕೆಟ್ಟಿರಬಾರದಿತ್ತೇ ಎಂಬ ವಿನಮ್ರ ಪ್ರಶ್ನೆಯೊಂದಿಗೆ ಈ ಪತ್ರವನ್ನು ತಮ್ಮ ವೈಪರಿಗೆ ಸಿಕ್ಕಿಸುತ್ತಿದ್ದೇನೆ. ತಮಗೆ ಓದಲು ಬಾರದಿದ್ದರೆ ಯಾರಾದರೂ ಓದಿ ಹೇಳಲೆಂದು ಇದರ ನಕಲನ್ನು ಕಾಲೇಜಿನ ನೋಟೀಸ್ ಬೋರ್ಡಿಗೂ ಅಂಟಿಸಿದ್ದೇನೆ.

ನನ್ನ ಪರಿಚಯ ತಮಗಿದೆ. ಮೊದಲನೇ ಹಂತದ ತರಗತಿಯಲ್ಲಿ ನೆರೆತ ಕೂದಲಿರುವ ಏಕೈಕ ವಿದ್ಯಾರ್ಥಿನಿ, ವೃತ್ತಿಯಿಂದ ಟೈಲರ್, ತಮ್ಮ ಹೊಟ್ಟೆಯ ಕೆಳಗೆ ಮಲಗಿ ಆಯಿಲನ್ನು ಹಣೆಗೆ ಸುರಿಸಿಕೊಂಡವಳು ನಾನೇ. ಮೊದಲ ದಿನ ನನ್ನ ಸಹಪಾಠಿಗಳು ನನ್ನನ್ನು ಯಾರದೋ ತಾಯಿ, ಮಗನ ಫೀಸು ಕಟ್ಟಲು ಬಂದಿದ್ದಾರೆ ಎಂದುಕೊಂಡು ಕುರ್ಚಿ ಬಿಟ್ಟುಕೊಟ್ಟರು. ಕಾಲೇಜಿನವರು ಹಂಚಿದ ನೀಲಿ ಕೆಲಸದ ಬಟ್ಟೆಗಳು ಒಂದೊಂದರೊಳಗೂ ಇಬ್ಬಿಬ್ಬರನ್ನು ಕೂರಿಸುವಷ್ಟು ದೊಗಳೆಯಾಗಿದ್ದವು, ನಾನು ಎಲ್ಲವನ್ನೂ ಮನೆಗೆ ಹೊತ್ತೊಯ್ದು ಬಿಚ್ಚಿ ಹೊಲಿದು ತಂದೆ, ಅಂದಿನಿಂದ ‘ಆಂಟಿ’ ಎನ್ನುತ್ತಿದ್ದವರೆಲ್ಲ ‘ಅಕ್ಕ’ ಎನ್ನತೊಡಗಿದರು. ಅಳತೆ ಸರಿ ಕೂತರೆ ಸಂಬಂಧವೂ ಸರಿ ಕೂರುತ್ತದೆ.

ಟೈಲರಿಗೆ ಈ ಹುಚ್ಚು ಹೇಗೆ ಹತ್ತಿತು ಎಂದು ತಾವು ಕೇಳಬಹುದು. ನನ್ನ ಹೊಲಿಗೆ ಕೋಣೆ ಇರುವುದು ಅಣ್ಣನ ಗ್ಯಾರೇಜಿನ ಮೇಲಿನ ಮಹಡಿಯಲ್ಲಿ. ಕೆಳಗೆ ಎಂಜಿನ್ ಎದ್ದಾಗಲೆಲ್ಲ ನನ್ನ ನೆಲ ನಡುಗುತ್ತದೆ, ಸೂಜಿ ಹಾದಿ ತಪ್ಪುತ್ತದೆ, ಎಷ್ಟೋ ಜನರ ರವಿಕೆಯ ತೋಳು ಯಾರದೋ ಲಾರಿಯ ದೆಸೆಯಿಂದ ಸೊಟ್ಟಗಾಗಿದೆ. ವರ್ಷಗಟ್ಟಲೆ ಕಾಲಿನಿಂದ ಕೇಳಿ ಕೇಳಿ, ಕೊನೆಗೊಂದು ದಿನ ಊಟಕ್ಕೆ ಕೂತಾಗ “ನಾನೂ ರಿಪೇರಿ ಕಲೀತೀನಿ” ಅಂದುಬಿಟ್ಟೆ. ಅಣ್ಣ ನಕ್ಕ ನಗುವಿಗೆ ತುತ್ತು ನೆತ್ತಿಗೆ ಹತ್ತಿತು. ನೀರು ಕುಡಿದು, ಅತ್ತಿಗೆಯ ಎದುರು, ಅಮ್ಮನ ಎದುರು, “ಕಾಲೇಜಲ್ಲಿ ಪಾಸಾಗಿ ಬಾ, ಮೂಲೇಲಿರೋ ಲಿಫ್ಟ್ ನಿಂದೇ. ನಾನು ಅಲ್ಲಿಗೆ ಕೈ ಕೂಡ ಹಾಕಲ್ಲ” ಅಂದ. ಕಾರನ್ನು ಮೇಲಕ್ಕೆತ್ತುವ ಆ ಲಿಫ್ಟಿನ ಮೇಲೆ ಈಗ ಹಳೆಯ ಟೈರುಗಳು ಬೆಟ್ಟದಂತೆ ಬಿದ್ದಿವೆ. ನನಗೆ ಬೇಕಾದದ್ದು ಆ ಮೂಲೆ, ಅಷ್ಟೇ. ಚಿನ್ನ ಬೇಡ, ಸೀರೆ ಬೇಡ, ಆ ಮೂಲೆಗಾಗಿ ನಾನು ಹಗಲಿಡೀ ತಮ್ಮ ಕೆಳಗೆ ಮಲಗಿದೆ.

ತಮ್ಮ ಸೇವೆಯನ್ನು ಹೊಗಳದೆ ದೂರಿಗೆ ಹೋದರೆ ನಾನು ಕೃತಘ್ನಳಾಗುತ್ತೇನೆ. ತಾವು ಚಕ್ರವಿದ್ದೂ ಊರು ನೋಡದವರು, ಹಾರನ್ ಇದ್ದೂ ಯಾರನ್ನೂ ಬೈಯದವರು. ತಮ್ಮ ಎಡಗಡೆಯ ಒಂದು ಬಾಗಿಲು ಮಾತ್ರ ಯಾವುದೋ ಹಸಿರು ಕಾರಿನದು, ಅದನ್ನೂ ತಾವು ಸ್ವಂತದ್ದೆಂಬ ಗಾಂಭೀರ್ಯದಿಂದ ಧರಿಸಿದ್ದೀರಿ. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಮೇಷ್ಟ್ರು ದಿನಾ ಬೆಳಿಗ್ಗೆ ಶೆಡ್ಡಿನ ಷಟರ್ ಎಳೆದುಕೊಂಡು ತಮಗೊಂದು ಕಾಯಿಲೆ ತಂದಿಡುತ್ತಾರೆ, ಅದನ್ನು ತಾವು ಹೊಟ್ಟೆಯೊಳಗೇ ಇಟ್ಟುಕೊಂಡು ನಮ್ಮಂಥವರ ಕೈಗೆ ಒಪ್ಪಿಸುತ್ತೀರಿ. ನಮ್ಮ ಪಾಠವೆಂದರೆ ಅದೇ ತಾನೇ? ಒಂದು ದಿನ ಗಾಳಿ ಹೋಗುವ ದಾರಿಯಲ್ಲಿ ಬಟ್ಟೆ ತುರುಕಿರುತ್ತಾರೆ, ಇನ್ನೊಂದು ದಿನ ಪ್ಲಗ್ಗಿನ ವೈರುಗಳನ್ನು ಅದಲು ಬದಲು ಮಾಡಿರುತ್ತಾರೆ, ಆಮೇಲೆ ಷಟರ್ ಎತ್ತಿ ಕೈ ಕಟ್ಟಿ ನಿಂತು “ಕಾಯಿಲೆ ಹೇಳಿ” ಅನ್ನುತ್ತಾರೆ. ಅದಕ್ಕೇ ಅವರ ಹೆಸರು ಕಾಯಿಲೆ ಮೇಷ್ಟ್ರು. ಮಗಳ ಉಗುರಿಗೆ ಹಚ್ಚುವ, ಬಣ್ಣವಿಲ್ಲದ ಪಾಲಿಶಿನ ಬಾಟಲಿಯೊಂದನ್ನು ಅವರು ಯಾಕೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ ಎಂಬುದು ಮಾತ್ರ ತರಗತಿಯಲ್ಲಿ ಯಾರಿಗೂ ಬಗೆಹರಿದಿರಲಿಲ್ಲ.

ಹೀಗೆ ಒಂದು ವರ್ಷ ಕಾಯಿಲೆಯ ಕಾರುಗಳನ್ನೇ ನೋಡಿದವಳ ಕೈಗೆ, ಪರೀಕ್ಷೆಯ ದಿನ, ತಾವು ಗುಂಡುಕಲ್ಲಿನಂತೆ ಗಟ್ಟಿಮುಟ್ಟಾಗಿ ಸಿಕ್ಕಿದಿರಿ.

ಆ ದಿನ ಶೆಡ್ಡಿನ ನೆಲ ತೊಳೆಯುತ್ತಿದ್ದರೆಂದು ತಮ್ಮನ್ನು ಅಂಗಳಕ್ಕೆ ತಳ್ಳಿ ನಿಲ್ಲಿಸಿದ್ದರು. ಪಕ್ಕದಲ್ಲೇ ಮೇಷ್ಟ್ರ ಸ್ವಂತ ಕಾರು, ತಮ್ಮದೇ ಕಂಪನಿ, ತಮ್ಮದೇ ಮಾಡೆಲ್, ತಮ್ಮದೇ ಬಿಳಿ ಬಣ್ಣ. ಎಲ್ಲರದೂ ಮುಗಿದು ಕೊನೆಯ ಸರದಿ ನನ್ನದು. ನಿಯಮದಂತೆ ನಾನು ಪಾನಾ-ಸ್ಪ್ಯಾನರುಗಳನ್ನಿಡುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತೆ, ಮೇಷ್ಟ್ರು ಕಾಯಿಲೆ ಹಾಕಿ ಬಂದರು, “ಹೋಗಿ ಅಮ್ಮಾ, ನಿಧಾನಕ್ಕೆ ನೋಡಿ” ಎಂದು ಹೇಳಿ ಕಚೇರಿ ಸೇರಿದರು. ವಿದ್ಯಾರ್ಥಿಗಳು ಮೇಷ್ಟ್ರ ಮುಖ ನೋಡಿ ಉತ್ತರ ಕಂಡುಹಿಡಿಯುತ್ತಾರೆಂದು ಪರೀಕ್ಷೆಯ ಹೊತ್ತಿನಲ್ಲಿ ಅವರು ಹೊರಗೆ ನಿಲ್ಲುವುದಿಲ್ಲ.

ನಾನು ಕೀ ತಿರುಗಿಸಿದೆ. ತಾವು ಒಂದೇ ಸಲಕ್ಕೆ ಎದ್ದಿರಿ. ಆ ಸದ್ದಿಗೆ ನನ್ನ ಎದೆ ಧಸಕ್ಕೆಂದಿತು, ಏಕೆಂದರೆ ಸ್ಟಾರ್ಟ್ ಆಗುವ ಕಾರಿನಲ್ಲಿ ಅಡಗಿದ ಕಾಯಿಲೆ ಎಂದರೆ ಅದು ಮಹಾ ಕಪಟಿಯೇ ಇರಬೇಕು. ದೀಪ ಹಾಕಿದೆ, ಹೊತ್ತಿತು. ಹಾರನ್ ಒತ್ತಿದೆ, ನೆಲ ತೊಳೆಯುತ್ತಿದ್ದವರು ಬೆಚ್ಚಿ ಪೊರಕೆ ಬಿಟ್ಟರು. ಬ್ರೇಕು, ಬೆಲ್ಟು, ವೈಪರು, ಇಂಡಿಕೇಟರು, ಒಂದೊಂದನ್ನೂ ಮುಟ್ಟಿ, ತಟ್ಟಿ, ಮೂಸಿ ನೋಡಿದೆ. ತಾವು ಹೆಚ್ಚು ಹೆಚ್ಚು ಆರೋಗ್ಯವಾಗಿ ಕಂಡಷ್ಟೂ ನನ್ನ ಅನುಮಾನ ಹೆಚ್ಚು ಹೆಚ್ಚು ಬಲಿಯಿತು. ಮೊಸರಲ್ಲಿ ಕಲ್ಲು ಹುಡುಕುವುದು ಎಂದು ಜನ ಸುಮ್ಮನೆ ಅನ್ನುತ್ತಾರೆ, ನಾನು ಅಂದು ಮೊಸರನ್ನು ಸೋಸಿ, ಕಡೆದು, ಮಡಕೆಯನ್ನೂ ಒಡೆದು ನೋಡಿದೆ. ಪ್ಲಗ್ಗುಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಗುಂಡಿಗಳಂತೆ ಸಾಲಾಗಿಟ್ಟೆ, ಏರ್ ಫಿಲ್ಟರ್ ತೆಗೆದೆ, ಫ್ಯೂಸುಗಳನ್ನೆಲ್ಲ ಕಿತ್ತು ಬೆಳಕಿಗೆ ಹಿಡಿದು ಮತ್ತೆ ಸಿಕ್ಕಿಸಿದೆ. ಸೀಟಿನಡಿಯಲ್ಲಿ ಯಾರೋ ಕಚ್ಚಿಬಿಟ್ಟ ಪೆನ್ಸಿಲ್ ಸಿಕ್ಕಿತು, ಒಂದು ಗಳಿಗೆ ಅದನ್ನೇ ಕಾಯಿಲೆ ಎಂದು ಘೋಷಿಸಿಬಿಡಲೇ ಎನ್ನಿಸಿತು.

ಗಂಟೆ ಹೊಡೆಯಿತು. ಮೇಷ್ಟ್ರು ಬಂದು ಹರವಿಕೊಂಡು ಕೂತಿದ್ದ ತಮ್ಮನ್ನೂ ನನ್ನನ್ನೂ ನೋಡಿದರು. “ಎಲ್ಲಾ ಚೆನ್ನಾಗಿದೆ ಸರ್, ಏನೂ ಸಿಗ್ಲಿಲ್ಲ” ಅಂದೆ. “ಫ್ಯೂಸ್ ನೋಡಿದ್ರಾ?” ಅಂದರು. “ನೋಡ್ದೆ ಸರ್. ಗಾಡೀನೂ ಸ್ಟಾರ್ಟ್ ಆಯ್ತು” ಅಂದೆ. ಅವರು ಮಕ್ಕಳ ಸುಳ್ಳಿಗೆ ನಗುವಂತೆ ನಕ್ಕು, “ಸ್ಟಾರ್ಟ್ ಆಗಕ್ಕೆ ಸಾಧ್ಯಾನೇ ಇಲ್ಲ ಅಮ್ಮಾ” ಎಂದು ಹೇಳಿ ನಪಾಸು ಎಂದು ಬರೆದರು. ಪ್ಲಗ್ಗುಗಳೆಲ್ಲ ಬಟ್ಟೆಯ ಮೇಲಿದ್ದಾಗ ಸ್ಟಾರ್ಟ್ ಮಾಡಿ ತೋರಿಸುವುದಾದರೂ ಹೇಗೆ? ನಾನು ಅಳುತ್ತಾ ಒಂದೊಂದನ್ನೇ ಜೋಡಿಸಿ ಕೀ ತಿರುಗಿಸುವ ಹೊತ್ತಿಗೆ ಮೇಷ್ಟ್ರು ಪಕ್ಕದಲ್ಲಿ ತಮ್ಮ ಸ್ವಂತ ಕಾರು ಹತ್ತಿ ಮನೆಗೆ ಹೊರಟಿದ್ದರು. ತಾವು ಗುರ್ರೆಂದು ಎದ್ದಿರಿ. ಅವರದು ಕುಂಯ್ ಕುಂಯ್ ಎಂದು ನರಳಿತೇ ಹೊರತು ಏಳಲಿಲ್ಲ. ಅವರು ಕಿಟಕಿಯಿಂದ ತಲೆ ಹಾಕಿ, “ಈಗ ಸರಿ ಮಾಡಿ ಏನು ಪ್ರಯೋಜನ? ಟೈಮ್ ಮುಗೀತು” ಎಂದು ನನ್ನನ್ನೇ ಗದರಿದರು.

ಮುಂದಿನದು ತಮಗೆ ಗೊತ್ತಿಲ್ಲ, ತಾವು ಅಷ್ಟರಲ್ಲಿ ಶೆಡ್ಡು ಸೇರಿದ್ದಿರಿ. ಸಂಜೆ ನಾನು ಹೊಲಿಗೆ ಕೋಣೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಗ ಕೆಳಗಿನಿಂದ ಅದೇ ಕುಂಯ್ ಕುಂಯ್ ನನ್ನ ಅಂಗಾಲಿಗೆ ತಾಗಿತು. ಇಳಿದು ಹೋಗಿ ನೋಡಿದರೆ, ಅಣ್ಣ ಮೇಷ್ಟ್ರ ಕಾರನ್ನು ಕಟ್ಟಿ ಎಳೆದು ತಂದಿದ್ದಾನೆ, ಮೇಷ್ಟ್ರು ಬಸ್ಸು ಹಿಡಿದು ಮನೆಗೆ ಹೋಗಿದ್ದಾರೆ. “ಪೆಟ್ರೋಲ್ ಪಂಪ್ ಹೋಗಿದೆ, ಹೊಸದೇ ಹಾಕ್ಬೇಕು. ಫ್ಯೂಸ್ ಎಲ್ಲಾ ಚೆನ್ನಾಗಿದೆ” ಎಂದು ಅಣ್ಣ ತೀರ್ಪು ಕೊಟ್ಟಾಗಿತ್ತು. ಅಂದು ಹಗಲೆಲ್ಲ ತಮ್ಮ ಫ್ಯೂಸುಗಳನ್ನು ಬೆಳಕಿಗೆ ಹಿಡಿದು ಹಿಡಿದು ನನಗೆ ಅವುಗಳ ಲೋಹದ ಕಾಲುಗಳ ಮಂಕು ಬಣ್ಣ ಬಾಯಿಪಾಠವಾಗಿತ್ತು. ಮೇಷ್ಟ್ರ ಕಾರಿನಲ್ಲಿ ಪಂಪಿನ ಫ್ಯೂಸ್ ಒಂದು ಮಾತ್ರ ಮದುಮಗಳ ಉಗುರಿನಂತೆ ಮಿರಮಿರ ಮಿಂಚುತ್ತಿತ್ತು. ಉಗುರು! ಮಾನ್ಯರೇ, ಆ ಕ್ಷಣ ನನಗೆ ಜೇಬಿನ ಬಾಟಲಿಯೂ, ಪಕ್ಕಪಕ್ಕದಲ್ಲಿ ನಿಂತ ಎರಡು ಬಿಳಿ ಕಾರುಗಳೂ, ವೈಪರಿಗೆ ನೀರು ಹಾಕಲೆಂದು ಮೇಷ್ಟ್ರು ಬೆಳಿಗ್ಗೆ ತೆರೆದು ಮರೆತಿದ್ದ ಅವರ ಸ್ವಂತ ಕಾರಿನ ಬಾನೆಟ್ಟೂ ಒಟ್ಟಿಗೆ ಕಣ್ಣಿಗೆ ಬಂದು, ನಾನು ಟೈರಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಾಲಿಶ್ ಬಳಿದ ಫ್ಯೂಸಿನಲ್ಲಿ ಕರೆಂಟ್ ದಾಟುವುದಿಲ್ಲ. ನನಗಾಗಿ ಮುತುವರ್ಜಿಯಿಂದ ತಯಾರಿಸಿದ ಕಾಯಿಲೆಯನ್ನು ಮೇಷ್ಟ್ರು ತಮ್ಮ ಸ್ವಂತ ಕಾರಿಗೇ ಹಾಕಿಕೊಂಡು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದರು.

ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಫ್ಯೂಸಿನ ಕಾಲು ಕೆರೆದು ಸಿಕ್ಕಿಸಿದೆ, ಕಾರು ಎದ್ದಿತು. ಅಣ್ಣ ಹೋಗಿ ಮೂಲೆಯ ಲಿಫ್ಟಿನ ಮೇಲಿನ ಟೈರುಗಳನ್ನು ಒಂದೊಂದಾಗಿ ಇಳಿಸಿ, ಒಂದನ್ನು ಮಾತ್ರ ಹಾಗೇ ಬಿಟ್ಟ. “ನಾನು ಒಪ್ಕೊಂಡೆ ಕಣೇ. ಆದ್ರೆ ಮಾತು ಅಂದ್ರೆ ಮಾತು. ನಾಳೆ ಇಲ್ಲಿ ಕೆಲಸ ಮಾಡೋರು, ತಂಗಿ ಅಂತ ಬಿಟ್ಟುಕೊಟ್ಟ ಅನ್ಬಾರ್ದು. ಪಾಸ್ ಅಂತ ಬರಲಿ, ಈ ಟೈರನ್ನೂ ನಾನೇ ಇಳಿಸ್ತೀನಿ” ಅಂದ. ಆ ಒಂದು ಟೈರು ನನ್ನ ಎದೆಯ ಮೇಲೇ ಕೂತಿದೆ.

ಮಾರನೆಯ ದಿನ ಕಾಲೇಜಿಗೆ ಹೋಗಿ ಮೇಷ್ಟ್ರಿಗೆ ವಿಷಯ ಹೇಳಿದೆ. ಅವರ ಮುಖ ಕೆಂಪಾಯಿತು, ಬಿಳಿಯಾಯಿತು, ಕೊನೆಗೆ ಸರ್ಕಾರಿ ಬಣ್ಣಕ್ಕೆ ತಿರುಗಿತು. “ನೋಡಿ ಅಮ್ಮಾ, ನಿಯಮ ಅಂದ್ರೆ ಕಾಲೇಜಿನ ಕಾರಿನ ಕಾಯಿಲೇನೇ ಹಿಡೀಬೇಕು. ಹೊರಗಿನ ಗಾಡೀದು ಲೆಕ್ಕಕ್ಕಿಲ್ಲ” ಅಂದರು. ಅದರ ಬೆನ್ನಿಗೇ ದನಿ ತಗ್ಗಿಸಿ, “ಇದು ನಮ್ಮಿಬ್ಬರಲ್ಲೇ ಇರ್ಲಿ” ಅಂದರು. ಇರಲಿ ಎಂದೇ ನಾನೂ ತಮ್ಮನ್ನು ಬಿಟ್ಟು ಬೇರೆ ಯಾರಿಗೂ ಬರೆದಿಲ್ಲ, ನೋಟೀಸ್ ಬೋರ್ಡನ್ನು ಲೆಕ್ಕಕ್ಕೆ ಹಿಡಿಯಬಾರದು. ಕಾಲೇಜಿನ ಕಾರಿನಲ್ಲಿ ಕಾಯಿಲೆ ಇಲ್ಲವೆಂದೆ, ಅದು ನಿಜ. ಕಾಯಿಲೆ ಇದ್ದ ಕಾರಿನಲ್ಲಿ ಅದನ್ನು ಹಿಡಿದೆ, ಅದೂ ನಿಜ. ಎರಡು ಸರಿಗಳನ್ನು ಕೂಡಿಸಿದರೆ ನಪಾಸು ಬರುವ ಈ ಗಣಿತವನ್ನು ಎರಡನೇ ಹಂತದ ತರಬೇತಿಯಲ್ಲಿ ಕಲಿಸುತ್ತಾರೇನೋ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳು. ಅಂದು ತಮಗೆ ತಲೆನೋವು ಸಹ ಇರಲಿಲ್ಲವೆಂದು ಪ್ರಾಂಶುಪಾಲರ ಮುಂದೆ ಖುದ್ದಾಗಿ ಹೇಳಿಕೆ ಕೊಡಬೇಕು, ಮೆಟ್ಟಿಲು ಹತ್ತಲು ಕಷ್ಟವಾದರೆ ಕೆಳಗಿನಿಂದಲೇ ಹಾರನ್ ಒತ್ತಿದರೂ ಆದೀತು. ಅದೂ ಆಗದಿದ್ದರೆ, ಹಿಂದಿನ ದಿನಾಂಕ ಹಾಕಿ ಒಂದು ಸಣ್ಣ ಕಾಯಿಲೆ ಬಿದ್ದು ಉಪಕಾರ ಮಾಡಬೇಕು. ಇನ್ನು ಮುಂದೆ ಪರೀಕ್ಷೆಯ ದಿನ ಬೇರೆ ಬಿಳಿ ಕಾರುಗಳ ಪಕ್ಕ ನಿಲ್ಲುವಾಗ, ತಮ್ಮ ಆ ಹಸಿರು ಬಾಗಿಲನ್ನು ಮೇಷ್ಟ್ರು ಬರುವ ಕಡೆಗೆ ತಿರುಗಿಸಿಕೊಳ್ಳುವ ಕೃಪೆ ತೋರಬೇಕು. ಇಷ್ಟನ್ನೂ ನಡೆಸಿಕೊಟ್ಟರೆ, ತಮ್ಮ ಹರಿದ ಸೀಟುಗಳಿಗೆಲ್ಲ ಹೊಸ ಕವರನ್ನು ನಾನೇ ಹೊಲಿದು ತಂದು ಹಾಕುತ್ತೇನೆ, ಅಳತೆ ಆಗಲೇ ನನ್ನ ಬಳಿ ಇದೆ. ನಡೆಸಿಕೊಡದಿದ್ದರೂ ಹೊಲಿಯುತ್ತೇನೆ. ಚೆನ್ನಾಗಿರುವ ಕಾರು ಹೇಗಿರುತ್ತದೆಂದು ನನ್ನ ಬೆರಳುಗಳಿಗೆ ಕಲಿಸಿದ್ದು ತಾವೇ, ಅದಕ್ಕೆ ನಾನು ನಿಜಕ್ಕೂ ಋಣಿ.

ತಮ್ಮ ಆರೋಗ್ಯದಿಂದ ನೊಂದ,
ತಮ್ಮ ವಿಶ್ವಾಸಿ,
ಮಹಡಿಯ ಟೈಲರ್

ವಿ.ಸೂ.: ಮೇಷ್ಟ್ರ ಕಾರು ಇನ್ನೂ ನಮ್ಮ ಗ್ಯಾರೇಜಿನಲ್ಲೇ ಇದೆ, ಇಂದು ಸಂಜೆ ತೆಗೆದುಕೊಂಡು ಹೋಗಲು ಬರುತ್ತಾರಂತೆ. ಅಣ್ಣ ಗೋಡೆಗೆ ಮುಖ ಮಾಡಿ ನಿಂತಿದ್ದಾಗ ನಾನು ಅದಕ್ಕೊಂದು ಕಾಯಿಲೆ ಹಾಕಿಟ್ಟಿದ್ದೇನೆ, ಅಪಾಯದ್ದಲ್ಲ, ಮೊದಲನೇ ಹಂತದ್ದು. ಹುಡುಕಿಕೊಂಡರೆ ಒಯ್ಯಲಿ, ಹುಡುಕಲಾಗದಿದ್ದರೆ ನನ್ನ ಫಲಿತಾಂಶ ತಿದ್ದಿ ತರಲಿ, ಎದುರಿಗೇ ಸರಿ ಮಾಡಿಕೊಡುತ್ತೇನೆ. ನನ್ನ ಮುಖ ನೋಡಿ ಉತ್ತರ ಕಂಡುಹಿಡಿಯಬಾರದೆಂದು ಅಷ್ಟು ಹೊತ್ತೂ ನಾನು ಮಹಡಿಯಲ್ಲೇ ಇರುತ್ತೇನೆ. ಅವರು ಮೊದಲು ಫ್ಯೂಸನ್ನೇ ನೋಡುತ್ತಾರೆಂದು ನನಗೆ ಗೊತ್ತು. ಫ್ಯೂಸ್ ಚೆನ್ನಾಗಿದೆ.