ಯಾರು ಬರ್ಲಿಲ್ಲೋ ಅವ ನಾನು

ಇಲ್ರೀ, ಕಾಲೇಜು ನನ್ನ ಹೊರಗ ಹಾಕಿಲ್ಲ. ನಾನ ಕಾಲೇಜು ಬಿಟ್ಟೀನಿ. ಎರಡಕ್ಕೂ ಫರಕ್ ಐತಿ. ನೀವು ಬಾಯಿಬಿಟ್ಟು ಕೇಳಿಲ್ಲ ಖರೆ, ಆದ್ರ ನಾ ನಾಟಕದಾಗ ಅದೀನಿ ಅಂದಕೂಡ್ಲೆ ನಿಮ್ಮ ಮಾರಿ ಕೇಳ್ತು. ಏನು ಪಾರ್ಟು ಅಂತನೂ ಕೇಳಾಕತ್ತೈತಿ. ಹೇಳ್ತೀನಿ. ನಾನು ಬದಲಿ. ಸಿಂಧನೂರಿನ ನಮ್ಮ ಹಾಡಿನ ನಾಟಕದ ತಂಡದಾಗ ಯಾರು ಬರಂಗಿಲ್ಲೋ ಅವ ನಾನು. ಹೀರೋನ ಮಾತು, ಹೀರೋಯಿನ್ ಹಾಡು, ಪೊಲೀಸನ ನಡಿಗಿ, ಎಲ್ಲಾ ನನಗ ಬರ್ತಾವ. ಮೈಕಿನ್ಯಾಗ ಹೆಸರು ಮಾತ್ರ ಬರಂಗಿಲ್ಲ.

ನಮ್ಮಪ್ಪ ಬಸ್ ಕಂಡಕ್ಟರ್. ನಾ ಕಾಲೇಜು ಬಿಟ್ಟಾಗ ಒಂದ ಮಾತು ಅಂದಿದ್ದ: "ಮೈಕಿನ್ಯಾಗ ನಿನ್ನ ಹೆಸರು ಕರದ ದಿನ ಬಂದು ನೋಡ್ತೀನಿ. ಅಲ್ಲೀತನ ಮನ್ಯಾಗ ನಾಟಕದ ಸುದ್ದಿ ಬ್ಯಾಡ." ಅವ ಒಮ್ಮೆ ಬರ್ಲಿ ಅಂತ ನನಗೂ ಭಾಳ ಆಸೆ. ಆದ್ರ ಬದಲಿಗೆ ಹೆಸರು ಬರೂಕಿಂತ ಮೊದ್ಲ ಫಜೀತಿ ಬರ್ತಾವ, ಊರಿಗೊಂದರಂಗ.

ಮಸ್ಕ್ಯಾಗ ಗಂಟಲು

ಮಸ್ಕ್ಯಾಗ ಹೀರೋನ ಗಂಟಲು ಕುಂತಿತ್ತು. "ನೀ ಪರದೆ ಹಿಂದ ಹಾಡು, ನಾ ಬಾಯಿ ಆಡಿಸ್ತೀನಿ" ಅಂದ. ಚಲೋನ ನಡದಿತ್ತು. ಹಾಡಿನ ನಡುವ ಊರ ಗೌಡ್ರೊಬ್ರು ಆಯೇರಿ ಮಾಡಾಕ ಸ್ಟೇಜ್ ಹತ್ತಿದ್ರು. ನಮ್ಮ ಕಡೆ ಹಂಗ, ಮೆಚ್ಚಿದವರು ಆಟಾ ನಿಲ್ಲಿಸಿ ಟವಲ್ ಹಾಕಿ, ಅಂಗಿ ಬಟ್ಟಿ ಕೊಟ್ಟು, ಮೈಕಿನ್ಯಾಗ ಹೆಸರು ಹೇಳ್ತಾರ. ಪರದೆ ಹಿಂದಿದ್ದ ನನಗ ಅದೇನು ಕಾಣ್ತೈತಿ? ನಾ ಹಾಡಕೋತ ಹೋದೆ. ಹೀರೋ ಟವಲ್ ಹಾಕಿಸ್ಕೊಂಡ, ಕೈ ಮುಗದ, ನೀರು ಕುಡದ. ಹಾಡು ನಡದ ಇತ್ತು.

ಗೌಡ್ರು ಮೈಕ್ ತಗೊಂಡ್ರು. "ನೀರು ಕುಡ್ಕೋತ ಹಾಡಾವನ್ನ ಇವತ್ತ ನೋಡಿದೆ. ಈ ಹುಡುಗಗ ಇನ್ನೊಂದು ಟವಲ್ ಹಾಕ್ರಿ."

ಹೀರೋ ದೊಡ್ಡ ಮನುಷ್ಯಾ, ಒಂದು ಟವಲ್ ನನಗ ತಂದು ಕೊಟ್ಟ. "ಮತ್ತ ಇನ್ನೊಂದು?" ಅಂದೆ.

"ಅದು ನೀರು ಕುಡದಿದ್ದಕ್ಕ" ಅಂದ.

ಕ್ಯಾಂಪಿನ್ಯಾಗ ಕಾಲು

ಬಂಗಾಲಿ ನಿರಾಶ್ರಿತರು ಇರೋ ಆರ್.ಎಚ್. ಕ್ಯಾಂಪಿನ್ಯಾಗ ಹಿಂದಿನ ಸಾಲಿನ ಡ್ಯಾನ್ಸ್ ಹುಡುಗಿ ಬರ್ಲಿಲ್ಲ. ನಾ ಸೀರಿ ಉಟ್ಟೆ. ಬದಲಿಗೆ ಇರೋದು ಒಂದ ನಿಯಮ: ಮುಂದಿನಾಕಿ ಏನು ಮಾಡ್ತಾಳೋ ಅದನ್ನ ಮಾಡು. ಮುಂದಿನಾಕಿ ಅರ್ಧ ಹಾಡಿಗೆ ಕುಂಟಾಕ ಹತ್ತಿದ್ಲು. ಹೊಸಾ ಸ್ಟೆಪ್ಪು ಅಂತ ನಾನೂ ಕುಂಟಿದೆ. ನನ್ನ ನೋಡಿ ಬಾಜೂದಾಕಿ ಕುಂಟಿದ್ಲು, ಆಕೀನ್ನ ನೋಡಿ ಅದರಾಚಿಯಾಕಿ. ಇಡೀ ಸಾಲು ತಾಳಕ್ಕ ಸರ್ಯಾಗಿ ಕುಂಟಿತು. ಸಿಳ್ಳಿ ಬಿದ್ವು.

ಒಳಗ ಹೋಗಿ ನೋಡಿದ್ರ ಮುಂದಿನಾಕಿ ಕಾಲಾಗ ಮೊಳಿ ಚುಚ್ಚಿತ್ತು. ಕ್ಯಾಂಪಿನ ಬಂಗಾಲಿ ಅಜ್ಜಿಯೊಬ್ಬಾಕಿ ಅರಿಷಿಣ ಹಚ್ಚಿ, ನಮಗೆಲ್ಲಾರಿಗೂ ಮೀನಿನ ಸಾರು, ಅನ್ನ ಉಣಿಸಿದ್ಲು. ಆ ಊಟ ಇನ್ನೂ ಮರತಿಲ್ಲ. ಮುಂದಿನ ಸಲ ಹೋದಾಗ ಕ್ಯಾಂಪಿನ ಹುಡುಗ್ಯಾರು ನಮ್ಮ ಹಾಡಿಗೆ ಕುಣದು ತೋರಿಸಿದ್ರು. ಒಬ್ಬಾಕಿನೂ ತಪ್ಪಲಿಲ್ಲ, ಎಲ್ಲಾರೂ ನಮಗಿಂತ ಚಂದ ಕುಂಟಿದ್ರು.

ಮುದಗಲ್‌ದಾಗ ಬಾಗಲ

ನಮ್ಮ ಸೀನರಿ ಮನಿಗೆ ಒಂದು ಬಾಗಲ ಐತಿ. ಅದನ್ನ ತಗಿಬಹುದು, ಹಾಕಂಗಿಲ್ಲ. ಜೋರು ಎಳದ್ರ ಮನೀನ ಬೀಳ್ತೈತಿ. ಅದಕ್ಕ ಪಾತ್ರದವರು ಸುಮ್ನ ಹೊರಗ ಬರ್ತಾರ, ಹಿಂದ ನಾ ಹಲಗಿಗೆ ಹಲಗಿ ಬಡದು 'ಧಡ್' ಅನ್ನಿಸ್ತೀನಿ. ಮುದಗಲ್‌ದಾಗ ಮಿರ್ಚಿ ಭಜಿ ತಿನ್ಕೋತ ಮರತೆ. ವಿಲನ್ ಸಿಟ್ಟಿಲೆ ಹೊರಗ ಬಂದು, ನನ್ನ ಬಾಜೂಕ ಕುಂತು, ಒಂದು ಮಿರ್ಚಿ ತಿಂದ ಮ್ಯಾಲ ನೆನಪಾತು. ಬಡದೆ.

ಸ್ಟೇಜ್ ಮ್ಯಾಲೆ ತಾಯಿ ಪಾತ್ರದಾಕಿ ನನ್ನ ಮಾನ ಉಳಿಸಿದ್ಲು. ಹೀರೋಯಿನ್‌ಗೆ ಅಂದ್ಲು: "ಸಿಟ್ಟು ಎಷ್ಟೈತಿ ನೋಡವ್ವಾ, ಅವ ಓಣಿ ದಾಟಿದ ಮ್ಯಾಲ ಬಾಗಲ ಬಡಕೊಂತು."

ಲಿಂಗಸುಗೂರಾಗ ಹೆಣಾ

ನಮ್ಮ ನಾಟಕದ ಮುದುಕ ಕಡೀ ಸೀನಿಗಿಂತ ಮೊದ್ಲ ಸಾಯ್ತಾನ. ಆ ಪಾರ್ಟಿನ ಹಿರಿಯರು ಸತ್ತಕೂಡ್ಲೆ ಬೈಕ್ ಹತ್ತಿ ಮತ್ತೊಂದು ಊರಿನ ನಾಟಕಕ್ಕ ಓಡ್ತಾರ, ಅಲ್ಲೂ ಸಾಯೋದಿರ್ತೈತಿ. ಹಂಗಾಗಿ ಕಡೀ ಸೀನ್‌ದಾಗ ಬಿಳೇ ಚಾದರದ ಕೆಳಗ ಹೆಣಾ ನಾನು.

ಹಾರ್ಮೋನಿಯಂ ಬಾರಿಸೋ ನಮ್ಮ ಪೇಟಿ ಮಾಸ್ತರು ಅವತ್ತು ಅಪ್ಪನ ಬಸ್ಸಿಗೆ ಲಿಂಗಸುಗೂರಿಗೆ ಬಂದಿದ್ರು. "ಅವಂದು ಏನು ಪಾರ್ಟ್ರೀ?" ಅಂತ ಅಪ್ಪ ಕೇಳ್ಯಾನ.

"ಕಡೀ ಸೀನ್‌ದಾಗ ಎಲ್ಲಾರೂ ಅವನ ಸುತ್ತಲೂ ಕುಂತು ಅಳ್ತಾರ್ರೀ" ಅಂದಾರ.

ಅಪ್ಪ ಡ್ಯೂಟಿ ಮುಗಿಸಿ ಖಾಕಿ ಅಂಗ್ಯಾಗನ ಬಂದು ಮುಂದ ಕುಂತ. ನಾ ಪರದೆ ಸಂದ್ಯಾಗ ಅವನ್ನ ನೋಡಕೋತ ನಿಂತೆ. ಪ್ರತಿ ಸೀನಿಗೂ ಕುತ್ತಿಗಿ ಚಾಚಿ ನನ್ನ ಹುಡಕ್ತಾನ. ಕಡೀ ಸೀನ್ ಬಂತು. ಮಲಗಿದೆ. ಎಲ್ಲಾರೂ ಅಳಾಕ ಹತ್ತಿದ್ರು. ಅಷ್ಟರಾಗ ಮೈಕಿನ್ಯಾಗ ಬಂತು: "ಎರಡು ನಿಮಿಷ ಅಳೂದು ನಿಲ್ಲಿಸ್ರಿ, ಆಯೇರಿ ಐತಿ."

"ನನ್ನ ಮಗ ಎಲ್ಲದಾನ್ರೀ?" ಅಪ್ಪನ ದನಿ.

ಪೇಟಿ ಮಾಸ್ತರು ಏನು ಸನ್ನಿ ಮಾಡಿದ್ರೋ, ಅಪ್ಪ ಬಂದು ಚಾದರ ಎತ್ತಿದ. ಮುಂದ ಕುಂತವರು ಒಬ್ರು ಅಂದ್ರು: "ಲೇ, ಮುದುಕ ಸತ್ತ ಮ್ಯಾಲ ವಯಸ್ಸಿಗೆ ಬಂದಾನ."

"ಎಪ್ಪಾ, ನಾ ಸತ್ತೀನಿ. ಆಮ್ಯಾಲ ಬಾ" ಅಂತ ಪಿಸುಗುಟ್ಟಿದೆ.

"ಏಳಲೇ. ಆಯೇರಿ ಮಲಕೊಂಡು ತಗೋತಾರೇನು?"

ಎದ್ದೆ. ಟವಲ್ ಹಾಕಿಸ್ಕೊಂಡು ಕಾಲು ಮುಟ್ಟಿದೆ. ಅಪ್ಪ ಮೈಕ್ ಹಿಡಕೊಂಡು ನನ್ನ ಹೆಸರು ಹೇಳಿದ, ಸ್ಟಾಪ್ ಕೂಗಿದಂಗ, ಹಿಂದಿನವರಿಗೂ ಕೇಳೂವಂಗ. "ಇವ ನನ್ನ ಮಗ. ಕಾಲೇಜು ಬಿಟ್ಟಾನ. ಮನ್ಯಾಗೂ ಹಿಂಗ ಮಲಗ್ತಿದ್ದ, ನಾ ಬೈತಿದ್ದೆ. ನೀವು ಚಪ್ಪಾಳಿ ಹೊಡಿತೀರಿ. ಉಪಕಾರ ಆತ್ರೀ."

ಜನ ನಕ್ಕೋತ ಚಪ್ಪಾಳಿ ಹೊಡದ್ರು. ಅಪ್ಪ ನನ್ನ ಕಡೆ ತಿರುಗಿ "ಹೂಂ, ಮಲಕೊ" ಅಂದ. ಮಲಗಿದೆ. ಸಣ್ಣಾವಿದ್ದಾಗ ಮಾಡ್ತಿದ್ದಂಗ ಚಾದರ ಕಾಲಿನತನ ಎಳದು ಹೊದಿಸಿದ. ಹೆಣಾ ಅಳಬಾರದು ಅಂತ ನನಗ ಯಾರೂ ಕಲಿಸಿದ್ದಿಲ್ಲ.

ಅಪ್ಪ ಮೆಟ್ಟಲ ಇಳಿಲಿಲ್ಲ, ಸೀನರಿ ಬಾಗಲ ಕಡೆ ನಡದ. ಪೇಟಿ ಮಾಸ್ತರು "ಕಂಡಕ್ಟರ್ ಸಾಹೇಬ್ರ, ಅದನ್ನ ಹಾಕಬ್ಯಾಡ್ರಿ" ಅಂದ್ರು. ಇಡೀ ಜೀವಮಾನ ಬಸ್ಸಿನ ಬಾಗಲಾ ಹಾಕಿದ ಕೈ ಕೇಳ್ತೈತೇನು? ಹೊರಗ ಹೋಗಿ ಎಳದ. ಧಡ್. ಮನಿ ಅಲುಗ್ಯಾಡಿತು, ಬೀಳ್ಲಿಲ್ಲ. ಬಾಗಲ ಆಚೆಯಿಂದ ದನಿ ಬಂತು:

"ರೈಟ್."