ಕರೆಂಟ್ ಬಂತು ತಂಡದ ಏಳನೇ ಕ್ಯಾಸೆಟ್ಟು

ಭಾನುವಾರ ಹೋಗಿ ಗುಂಡ್ಲುಪೇಟೆಯ ಇತಿಹಾಸವನ್ನು ಉಳಿಸಿ ಬರುತ್ತೇನೆ ಎಂದು ಗುರುವಾರವೇ ಘೋಷಿಸಿಬಿಟ್ಟೆ! ಘೋಷಣೆಯಾದದ್ದು ಚಾಮರಾಜನಗರದ ನಮ್ಮ ಮನೆಯ ಅಡುಗೆಕೋಣೆ ಬಾಗಿಲಲ್ಲಿ. ನೆರೆದ ಸಭಿಕರು ಒಬ್ಬರೇ, ನನ್ನ ಹೆಂಡತಿ ಸುಧಾಮಣಿ. ಸಭಿಕರು ಅವರೆಕಾಯಿ ಸುಲಿಯುತ್ತಿದ್ದರು.

"ಇತಿಹಾಸ ಉಳಿಸೋಕ್ ಮುಂಚೆ ಆ ಸಾರು ಉಳಿದದೆ, ಫ್ರಿಜ್ಜಲ್ಲಿ ಇಡಿ," ಅಂದಳು.

ಇತಿಹಾಸ ಎಂದರೆ ಏನು ಅಂತ ನಿಮಗೆ ಹೇಳಬೇಕು. ನಾನೀಗ ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರು. ಬೋಲ್ಟು, ನಟ್ಟು, ವಾಷರು ನನ್ನ ಲೋಕ. ಆದರೆ ಇಪ್ಪತ್ತೆಂಟು ವರ್ಷದ ಹಿಂದೆ ಗುಂಡ್ಲುಪೇಟೆಯಲ್ಲಿ ನಾನು ಯಾರು ಗೊತ್ತೆ? 'ಕರೆಂಟ್ ಬಂತು' ತಂಡದ ಪರಮ ಅಭಿಮಾನಿ! ನಾಲ್ಕು ಹುಡುಗರ ತಂಡ ಅದು. ಹೋದ ಕರೆಂಟು ಬಂದಾಗ ಬೀದಿ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಾರಲ್ಲ, ಆ ಸಂತೋಷವನ್ನೇ ಹೆಸರು ಮಾಡಿಕೊಂಡಿದ್ದರು. ಮೂರು ನಿಮಿಷದ ಹಾಡು, ಕಬ್ಬಿನ ಹಾಲಿನಂಥ ರಾಗ. ಗಿಟಾರು ಮಾತ್ರ ಹಿಟ್ಟಿನ ಮಿಲ್ಲು ಓಡಿದ ಹಾಗೆ. ಇಂಥದ್ದಕ್ಕೆ ಪವರ್ ಪಾಪ್ ಅನ್ನುತ್ತಾರಂತೆ. ನಮಗೆ ಆಗ ಗೊತ್ತಿರಲಿಲ್ಲ. ನಾವು 'ಗಲಾಟೆ ಹಾಡು' ಅನ್ನುತ್ತಿದ್ದೆವು.

ಗಿಟಾರು ನುಡಿಸುತ್ತಿದ್ದವನು ನನ್ನ ಗೆಳೆಯ ಲಿಯಾಕತ್ ಅಲಿ. ಡ್ರಮ್ಮು ಪುಟ್ಟಮಾದು. ಇವರು ಒಂದೇ ಒಂದು ಕ್ಯಾಸೆಟ್ಟನ್ನೂ ಹೊರತರಲಿಲ್ಲ. ಆದರೆ ಏಳು ಭಾನುವಾರ ಮೈಸೂರಿಗೆ ಹೋಗಿ ರೇಡಿಯೋದಲ್ಲಿ ನೇರ ಪ್ರಸಾರದಲ್ಲಿ ಹಾಡಿ ಬಂದರು. ಗಾಳಿಯಲ್ಲಿ ಬಂದದ್ದು ಗಾಳಿಯಲ್ಲಿ ಹೋಯಿತು. ಹೋಗದಂತೆ ಹಿಡಿದವನು ಪ್ರಪಂಚದಲ್ಲಿ ನಾನೊಬ್ಬನೇ! ಏಳು ಪ್ರಸಾರ, ಏಳು ಕ್ಯಾಸೆಟ್ಟು, ಒಂದು ತಗಡಿನ ಟ್ರಂಕು.

ಹಿಡಿದ ವಿಧಾನವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಬ್ಯಾಟರಿ ಶೆಲ್ಲು ಹಾಕುವ ರೇಡಿಯೋ ಬೇರೆ, ಟೇಪ್ ರೆಕಾರ್ಡರು ಬೇರೆ. ನಡುವೆ ಜೋಡಿಸುವ ವೈರು ಇರಲಿಲ್ಲ. ರೇಡಿಯೋದ ಬಾಯಿಗೆ ರೆಕಾರ್ಡರಿನ ಕಿವಿ ಹಿಡಿದು, ರೆಕಾರ್ಡ್ ಗುಂಡಿ ಒತ್ತಿ, ಮನೆಮಂದಿಗೆಲ್ಲ "ಯಾರೂ ಉಸ್ರೆತ್ಬೇಡಿ!" ಎಂದು ಕೈಮುಗಿಯುವುದು. ಉಸಿರೆತ್ತದೆ ಇರುವವರು ನಮ್ಮ ಮನೆಯಲ್ಲಿ ಯಾರಿದ್ದರು? ನಮ್ಮವ್ವನ ಹೆಸರು ಮೂಗಮ್ಮ. ಹೆಸರಿಟ್ಟವರು ಆಕೆ ಮಾತು ಕಲಿಯುವ ಮುಂಚೆಯೇ ಇಟ್ಟಿದ್ದರು, ಪಾಪ!

ಲಿಯಾಕತ್ ಈಗ ಗುಂಡ್ಲುಪೇಟೆಯಲ್ಲಿ ಬಸ್ಸು, ಆಟೋಗಳ ಸೀಟಿಗೆ ಕುಷನ್ ಹೊಲಿಯುತ್ತಾನೆ. ರೆಗ್ಸಿನ್ ಕತ್ತರಿಸುವಾಗ ಬ್ಲೇಡು ಜಾರಿ ಎಡಗೈಯ ಎರಡು ಬೆರಳು ಮಡಚದ ಹಾಗಾಗಿ ಹನ್ನೆರಡು ವರ್ಷವಾಯಿತು. ಅಂದಿನಿಂದ ಗಿಟಾರು ಮುಟ್ಟಿಲ್ಲ. ಆ ಗುರುವಾರ ಫೋನು ಮಾಡಿದ್ದ.

"ಶಂಕ್ರ, ನಮ್ ಬುಶ್ರಾ ಗಿಟಾರ್ ತಂದವ್ಳೆ ಕಣ್ಲಾ. ಯಾರ್ದೋ ವೀಡಿಯೋ ನೋಡ್ಕಂಡು ಕಲೀತಾವ್ಳೆ. ನಾನೂ ಬಾರುಸ್ತಿದ್ದೆ ಅಂದ್ರೆ, 'ಹೌದಾ ಅಬ್ಬಾ' ಅಂತಾಳೆ. ಕಾಯಿಲೆ ಬಿದ್ದೋರ್ ಜೊತೆ ಮಾತಾಡ್ದಂಗೆ. ಬೆರಳು ಇದ್ದಿದ್ರೆ ತೋರ್ಸ್ಬುಡ್ತಿದ್ದೆ. ನಿನ್ ತಾವ ಏಳ್ನೇದು ಅದೆಯಲ್ಲ, ಅದೊಂದು ಕೇಳುಸ್ಲಾ. ಸಾಕು."

ಏಳನೆಯದು! ಏಳು ಸಮುದ್ರದಾಚೆ ಗಿಳಿಯೊಳಗೆ ರಾಕ್ಷಸನ ಪ್ರಾಣ ಇದ್ದ ಹಾಗೆ, ತಂಡದ ಪ್ರಾಣ ಇದ್ದದ್ದು ಆ ಏಳನೇ ಕ್ಯಾಸೆಟ್ಟಿನಲ್ಲಿ. ಹಾಡು 'ಹಂಗಳದ ಕೊನೇ ಬಸ್ಸು'. ನಡುವೆ ಒಂದು ನಿಮಿಷ ಲಿಯಾಕತ್ ಒಬ್ಬನೇ ಗಿಟಾರು ನುಡಿಸಿದ್ದಾನೆ. ಅದನ್ನು ಆತ ಅಷ್ಟು ಚೆಂದ ಮತ್ತೆಲ್ಲೂ ನುಡಿಸಲಿಲ್ಲ.

"ಭಾನುವಾರ ನಾನೇ ತತ್ತೀನಿ!" ಎಂದುಬಿಟ್ಟೆ.

ಟ್ರಂಕು ತೆಗೆದೆ. ಟೇಪ್ ರೆಕಾರ್ಡರಿನ ಹೊಟ್ಟೆಯೊಳಗೆ ಬೆಲ್ಟು ಕರಗಿ ಬೆಲ್ಲದ ಪಾಕವಾಗಿತ್ತು. ಸ್ಟೋರ್ ಕೀಪರು ಹೆದರುತ್ತಾನೆಯೆ? ಸುಧಾಮಣಿಯ ತಲೆಗೂದಲಿನ ರಬ್ಬರ್ ಬ್ಯಾಂಡು ಹಾಕಿದೆ. ಸಡಿಲವಾಗಿ ಹಾಕಿದರೆ ಹಾಡುವವನು ಎಮ್ಮೆ. ಬಿಗಿಯಾಗಿ ಹಾಕಿದರೆ ಇಲಿ! ಎಮ್ಮೆಗೂ ಇಲಿಗೂ ನಡುವೆ ಮನುಷ್ಯನ ದನಿ ಹುಡುಕುವಷ್ಟರಲ್ಲಿ ಅವಳ ಆರು ಬ್ಯಾಂಡು ಹರಿದವು.

"ನಾಳೆ ನಾನು ಕೂದ್ಲು ಬಿಟ್ಕೊಂಡು ಮಾರಮ್ಮನಂಗೆ ಓಡಾಡ್ಲಾ?" ಅಂದಳು.

ಕಡೆಗೆ ಒಂದನೇ ಕ್ಯಾಸೆಟ್ಟು ಹಾಡಿತು. ಪುಟ್ಟಮಾದುವಿನ ಡ್ರಮ್ಮು ಗುಡುಗಿತು. ಅದನ್ನೂ ಮೀರಿ ಇನ್ನೊಂದು ದನಿ: "ಲೋ ಶಂಕ್ರಾ, ಕೋಳಿ ಕವುಚಾಕ್ಲಾ, ಕತ್ಲಾಯ್ತದೆ!"

ನಮ್ಮವ್ವ. ತೀರಿಕೊಂಡು ಹನ್ನೊಂದು ವರ್ಷ. ಸುಧಾಮಣಿ ಸೆರಗಿನಿಂದ ಮೂಗು ಒರೆಸಿಕೊಂಡು, "ಕೋಳಿ ಮಾರಿ ಇಪ್ಪತ್ ವರ್ಷ ಆಯ್ತು, ಅತ್ತೆ ಇನ್ನೂ ಕವುಚಾಕ್ಸ್ತಾ ಅವ್ರೆ," ಅಂದಳು.

ಆರು ಕ್ಯಾಸೆಟ್ಟನ್ನೂ ಹಾಕಿ ಪರೀಕ್ಷಿಸಿದೆ. ಏಳನೆಯದನ್ನು ಮಾತ್ರ ಮುಟ್ಟಲಿಲ್ಲ. ಅದರ ಸುರುಳಿಗೆ ಬೂಷ್ಟು ಹಿಡಿದಿತ್ತು. ಓಡಿದರೆ ಒಂದು ಸಲ.

"ಹಸಿರು ಡಬ್ಬೀದಾ ಏಳನೇದು?" ಎಂದು ಸುಧಾಮಣಿ ಬಗ್ಗಿ ನೋಡಿದಳು. "ಸ್ವಲ್ಪ ಕೇಳ್ಕೊಂಡಾದ್ರೂ ಹೋಗಿ."

"ರೆಕಾರ್ಡ್ ಮಾಡಿದೋನು ನಾನು! ಅದರಲ್ಲಿ ಏನದೆ ಅಂತ ನಂಗೆ ಗೊತ್ತಿಲ್ವಾ? ಒಂದೊಂದು ಸೆಕೆಂಡೂ ನೆನಪದೆ!"

"ಒಂದೊಂದು ಸೆಕೆಂಡೂ?"

"ಒಂದೊಂದೂ!"

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಹಂಗಾದ್ರೆ ನಾನೂ ಬರ್ತೀನಿ," ಎಂದು ಬೀರು ತೆಗೆದು ರೇಷ್ಮೆ ಸೀರೆ ಹುಡುಕತೊಡಗಿದಳು. ಕ್ಯಾಸೆಟ್ಟು ಕೇಳುವುದಕ್ಕೆ ರೇಷ್ಮೆ ಸೀರೆ ಯಾಕೆ ಎಂದು ಆಗಲೇ ಯೋಚಿಸಬೇಕಿತ್ತು. ಯೋಚಿಸುವವನಾಗಿದ್ದರೆ ಈ ಬರಹವನ್ನು ಬರೆಯಬೇಕಾಗುತ್ತಿತ್ತೆ!

ಭಾನುವಾರ ಗುಂಡ್ಲುಪೇಟೆ. ಅಂಗಡಿಯ ಹಿಂದೆಯೇ ಲಿಯಾಕತ್‌ನ ಮನೆ. ಅವನ ಹೆಂಡತಿ ನಾಸಿರಾ ಶ್ಯಾವಿಗೆ ಪಾಯಸ ಮಾಡಿದ್ದರು. ಡ್ರಮ್ಮಿನ ಪುಟ್ಟಮಾದುವೂ ತಲೆಗೆ ಕಪ್ಪು ಬಣ್ಣ ಹಚ್ಚಿಕೊಂಡು ಬಂದಿದ್ದ. ಬುಶ್ರಾ ಕೈಯಲ್ಲಿ ಗಿಟಾರು ಹಿಡಿದು ಎದುರಿಗೆ ಕೂತಳು. ಲಿಯಾಕತ್ ಎಡಗೈಯನ್ನು ಜುಬ್ಬಾದ ಜೇಬಿಗೆ ಸೇರಿಸಿಕೊಂಡು ಗೋಡೆ ಬದಿಗೆ ನಿಂತ. ಗಿಟಾರಿನ ಮಾತು ಬಂದಾಗಲೆಲ್ಲ ಆ ಕೈ ಜೇಬಿಗೆ ಹೋಗುತ್ತದೆ.

ನಾನು ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡಿದೆ. "ಬುಶ್ರಾ, ಕೇಳಮ್ಮ. ನಿಮ್ಮ ಅಬ್ಬಾ ಎಂಥಾ ಕಲಾವಿದ ಅನ್ನೋದಕ್ಕೆ ಪ್ರಪಂಚದಲ್ಲಿ ಉಳಿದಿರೋ ಒಂದೇ ಸಾಕ್ಷಿ ಇದು. ನಾನು ಊಟ ನಿದ್ದೆ ಬಿಟ್ಟು..."

"ಅಂಕಲ್, ಒಂದ್ನಿಮಿಷ," ಎಂದು ಬುಶ್ರಾ ತನ್ನ ಫೋನನ್ನು ಟೇಪ್ ರೆಕಾರ್ಡರಿನ ಬಾಯಿಯ ಮುಂದಿಟ್ಟಳು. "ನಾನೂ ರೆಕಾರ್ಡ್ ಮಾಡ್ಕೊತೀನಿ. ಯಾರೂ ಮಾತಾಡ್ಬೇಡಿ."

ಗುಂಡಿ ಒತ್ತಿದೆ. ಕರಕರ. ಪುಟ್ಟಮಾದುವಿನ ನಾಲ್ಕು ಏಟು. ಆಮೇಲೆ ಆ ಹಾಡು!

*ಹಂಗಳದ ಕೊನೇ ಬಸ್ಸು, ನಂಗೊಂದು ಸೀಟು ಉಳ್ಸು...*

ಲಿಯಾಕತ್ ಕಣ್ಣು ಮುಚ್ಚಿದ. ಬುಶ್ರಾ ಮುಂದಕ್ಕೆ ಬಗ್ಗಿದಳು. ನನ್ನ ಎದೆ ಪೂರಿಯಂತೆ ಉಬ್ಬಿತು. ಅಷ್ಟರಲ್ಲಿ ಹಾಡಿನ ನೆತ್ತಿಯ ಮೇಲೆ ಯಾರೋ ಕೆಮ್ಮಿದರು.

"ಅಲೋ... ಅಲೋ... ಓಡ್ತಾ ಅದಾ ಇದು?"

ನನ್ನ ಉಬ್ಬಿದ ಎದೆ ಠುಸ್ಸೆಂದಿತು. ಯಾವನೋ ನನ್ನ ಕ್ಯಾಸೆಟ್ಟಿನ ಮೇಲೆ ಮಾತಾಡಿಬಿಟ್ಟಿದ್ದಾನೆ!

"ಸುಧಾ!" ಎಂದು ಗುಡುಗಿದೆ. "ನಿಮ್ಮ ತವರು ಹಂಗಳದೋರೇ ಯಾರೋ ಇದನ್ನ ಹಾಳುಮಾಡಿರೋದು! ನಿಮ್ಮಣ್ಣನ ಗಂಟಲೇ ಇದು! ಯಾವುದಿದು ಗೂಬೆ?"

ಸುಧಾಮಣಿ ಪಾಯಸದ ಬಟ್ಟಲು ಕೆಳಗಿಟ್ಟಳು. "ತಾಳಿ. ಗೂಬೆ ಹೆಸರು ಹೇಳ್ತದೆ."

ಕ್ಯಾಸೆಟ್ಟು ಹೇಳಿತು: "ಸುಧಾ, ನಾನು ಕಣಮ್ಮಿ. ಶಂಕ್ರ."

ಬುಶ್ರಾ ಬಾಯಿಗೆ ಕೈ ಅಡ್ಡ ಹಿಡಿದಳು. ಪುಟ್ಟಮಾದು ಹಿಡಿಯಲಿಲ್ಲ, ಕೇಕೆ ಹಾಕಿದ.

ನೆನಪು ಅನ್ನುವುದು ಆಗ ಸರ್ರನೆ ಬಂತು ನೋಡಿ! ಅವತ್ತು ಸುಧಾಮಣಿ ಚೊಚ್ಚಲ ಹೆರಿಗೆಗೆ ಹಂಗಳದ ತವರಿಗೆ ಹೋಗಿದ್ದಳು. ಹತ್ತು ಕಿಲೋಮೀಟರು ದೂರವಿಲ್ಲ. ಆದರೆ ಅಳಿಯ ಪದೇ ಪದೇ ಹೋಗಿ ಕೂತರೆ ಜನ ಆಡಿಕೊಳ್ಳುತ್ತಾರೆ ಎಂದು ಅವ್ವ ಬಿಡುತ್ತಿರಲಿಲ್ಲ. ಹೋದರೂ ಮನೆ ತುಂಬ ಅತ್ತಿಗೆ ನಾದಿನಿಯರು, ಒಂದು ಮಾತಾಡುವ ಹಾಗಿಲ್ಲ. ಲಿಯಾಕತ್‌ನ ಮಾವ ದುಬೈಯಿಂದ ಮನೆಗೆ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ದುಬೈಯಿಂದ ಬರುವುದಾದರೆ ಗುಂಡ್ಲುಪೇಟೆಯಿಂದ ಹಂಗಳಕ್ಕೆ ಹೋಗಲಾರದೆ? ಉಳಿದಿದ್ದದ್ದು ಒಂದೇ ಖಾಲಿ ಕ್ಯಾಸೆಟ್ಟು, ಏಳನೆಯದು. ಹಾಡನ್ನೂ ಹಿಡಿಯಬೇಕು, ಹೆಂಡತಿಗೂ ಮಾತಾಡಬೇಕು. ಎರಡನ್ನೂ ಒಟ್ಟಿಗೆ ಮಾಡಿ, ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದ್ದೆ! ಬಾಣಂತನ ಮುಗಿಸಿ ಬರುವಾಗ ಅವಳೇ ವಾಪಸು ತಂದು ಟ್ರಂಕಿಗೆ ಹಾಕಿದ್ದಳು. ನನ್ನ ತಲೆಯಲ್ಲಿ ಹಾಡು ಉಳಿದಿತ್ತು, ಮಾತು ಅಳಿಸಿಹೋಗಿತ್ತು.

ಕ್ಯಾಸೆಟ್ಟಿನ ಶಂಕರ ಮುಂದುವರಿಸುತ್ತಿದ್ದ. "ನೀ ಹೋದ್ಮೇಲೆ ಉಪ್ಸಾರೂ ಸರಿಯಾಗ್ ಸೇರ್ತಿಲ್ಲ ಕಣಮ್ಮಿ. ಅವ್ವ ಮಾಡ್ತಳೆ, ಆದ್ರೆ ನಿನ್ ಕೈ ರುಚಿ ಬರಲ್ಲ. ಅವ್ವಂಗೆ ಯೋಳ್ಬುಟ್ಟೀಯ..."

ದೂರದಿಂದ ಮೂಗಮ್ಮನವರು: "ಏನ್ಲಾ ಅದು ನನ್ ಸುದ್ದಿ?"

"ಏನಿಲ್ಲ ಕಣವ್ವ! ರೇಡಿಯೋದಲ್ಲಿ ಯೋಳ್ತಾವ್ರೆ!"

ಮನೆ ಬಿದ್ದು ಬಿದ್ದು ನಕ್ಕಿತು. ನಾಸಿರಾ ಸೆರಗಿನೊಳಗೆ ಮುಖ ಹುದುಗಿಸಿದರು. ಕ್ಯಾಸೆಟ್ಟಿನ ಶಂಕರ ದನಿ ತಗ್ಗಿಸಿದ: "ಸುಧಾ, ನೀನಿಲ್ದಿರೋ ಮನೆ ಶೆಲ್ಲಿಲ್ದಿರೋ ರೇಡಿಯೋ ಕಣಮ್ಮಿ..."

"ಆಫ್ ಮಾಡ್ರಪ್ಪಾ! ಆಫ್ ಮಾಡಿ!" ಎಂದು ಐವತ್ತೈದರ ಶಂಕರ ಹಾರಿದ. ಸುಧಾಮಣಿ ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡಳು. ಬುಶ್ರಾ ಎರಡೂ ಕೈಯನ್ನು ರೆಕಾರ್ಡರಿಗೆ ಅಡ್ಡ ಹಿಡಿದು, "ಅಂಕಲ್, ಮುಟ್ಬೇಡಿ! ಕೆಳಗಡೆ ಗಿಟಾರ್ ಬರ್ತಾ ಇದೆ!" ಎಂದಳು.

ಹೌದು, ಬರುತ್ತಿತ್ತು. ನನ್ನ ಗೊಣಗಾಟದ ಅಡಿಯಲ್ಲಿ, ಹಾಸಿಗೆ ಕೆಳಗೆ ಸಿಕ್ಕಿಕೊಂಡ ಬೆಕ್ಕಿನ ಮರಿಯ ಹಾಗೆ. ನಾನು ಲಿಯಾಕತ್‌ನ ಮುಖ ನೋಡಲಾರದೆ ನೆಲ ನೋಡಿದೆ. ಒಂದೇ ಒಂದು ನಿಮಿಷದ ಸಾಕ್ಷಿ. ಅದರ ಮೇಲೆ ಉಪ್ಸಾರು ಸುರಿದಿದ್ದೆ. ಸ್ನೇಹಿತ ಕೇಳಿದ್ದು ಅಷ್ಟೇ ಅಲ್ಲವೆ, ಬೇರೇನು ಕೇಳಿದ್ದ?

ಆಗ ಕ್ಯಾಸೆಟ್ಟಿನೊಳಗಿನ ಹುಡುಗ ತಟ್ಟನೆ ಮಾತು ನಿಲ್ಲಿಸಿದ. "ತಾಳು ಸುಧಾ. ಲಿಯಾಕತ್ ಶುರು ಮಾಡ್ದ. ಇದ್ರ ಮೇಲೆ ಮಾತಾಡ್ಬಾರ್ದು. ನೀನೂ ಕೇಳು. ಹೊಟ್ಟೇಲಿರೋದಕ್ಕೂ ಕೇಳುಸು."

ರೆಕಾರ್ಡರನ್ನು ರೇಡಿಯೋದ ಹತ್ತಿರ ಎಳೆದ ಸದ್ದು. ಆಮೇಲೆ ಗಿಟಾರು.

ಎಷ್ಟು ಸ್ಪಷ್ಟ! ಬಂಡೀಪುರದ ರಸ್ತೆಯಲ್ಲಿ ಕೊನೇ ಬಸ್ಸಿನ ಹಿಂದೆ ಒಬ್ಬ ಓಡಿದ ಹಾಗೆ ಓಡಿತು, ಎಡವಿತು, ನಕ್ಕಿತು, ಮತ್ತೆ ಓಡಿ ಫುಟ್‌ಬೋರ್ಡು ಹತ್ತಿತು. ಆ ಮನೆಯಲ್ಲಿ ನಮ್ಮವ್ವ ಕೂಡ ಆ ಒಂದು ನಿಮಿಷ ಉಸಿರೆತ್ತಿರಲಿಲ್ಲ. ನಾನು ತಲೆ ಎತ್ತಿದೆ. ಲಿಯಾಕತ್‌ನ ಎಡಗೈ ಜೇಬಿನಿಂದ ಹೊರಗೆ ಬಂದಿತ್ತು. ಮಡಚುವ ಬೆರಳುಗಳು ಗಾಳಿಯಲ್ಲೇ ತಂತಿ ಒತ್ತುತ್ತಿದ್ದವು; ಮಡಚದ ಎರಡು ತಮ್ಮ ಸರದಿ ಬಂದಾಗ ಸುಮ್ಮನೆ ನಡುಗುತ್ತಿದ್ದವು. ಬುಶ್ರಾ ರೆಕಾರ್ಡರನ್ನು ನೋಡುತ್ತಿರಲಿಲ್ಲ. ಆ ಕೈಯನ್ನು ನೋಡುತ್ತಿದ್ದಳು.

ಟಪ್! ಸುಧಾಮಣಿಯ ಏಳನೇ ರಬ್ಬರ್ ಬ್ಯಾಂಡು ಹರಿಯಿತು. ರೆಕಾರ್ಡರು ಕ್ಯಾಸೆಟ್ಟಿನ ಕರುಳನ್ನು ಕಚ್ಚಿ ಎಳೆದು ತುಂಡುಮಾಡಿತು.

"ಅಬ್ಬಾ," ಅಂದಳು ಬುಶ್ರಾ ಮೆಲ್ಲಗೆ, "ಆ ಎಡವಿದ್ರಲ್ಲ, ಅದು ಹೆಂಗೆ?"

"ಅದು ಬೇಕಂತ್ಲೇ ಎಡವೋದು ಬೇಟಾ." ಲಿಯಾಕತ್ ಬಂದು ಅವಳ ಪಕ್ಕ ಕೂತ. "ನೀನು ಹಿಡ್ಕೊ. ಬೆರಳು ನಿಂದು, ನಾನು ಯೋಳ್ತೀನಿ."

ಕ್ಯಾಸೆಟ್ಟು ಹೋಯಿತು, ಆದರೆ ಫೋನಿನಲ್ಲಿ ಎಲ್ಲವೂ ಸೇರಿಕೊಂಡಿದೆ. ಇಪ್ಪತ್ತೇಳರ ಶಂಕರನ ಪ್ರೇಮ, ಐವತ್ತೈದರ ಶಂಕರನ "ಆಫ್ ಮಾಡ್ರಪ್ಪಾ", ನಮ್ಮವ್ವ, ಪುಟ್ಟಮಾದುವಿನ ಕೇಕೆ. ಹಳೇ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆಲ್ಲ ಬುಶ್ರಾ ಅದನ್ನು ಕಳಿಸಿದ್ದಾಳೆ. ಕೆಳಗೆ ಬರೆದಿದ್ದಾಳೆ: 'ಗಿಟಾರ್: ನಮ್ಮ ಅಬ್ಬಾ. ಉಳಿದ ಗಲಾಟೆ: ಶಂಕರ್ ಅಂಕಲ್.'

ಸಂಜೆ ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ. "ನಿಂಗೆ ಮೊದ್ಲೇ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

"ಹಂಗಳದಲ್ಲಿ ಅದನ್ನ ನಲವತ್ ಸಲ ಕೇಳಿದೀನಿ ಕಣ್ರೀ," ಅಂದಳು ಕಿಟಕಿ ನೋಡುತ್ತಾ. "ಮಗು ಅತ್ರೆ ಅದನ್ನೇ ಹಾಕ್ತಿದ್ದೆ. ಬಂದ್ಮೇಲೆ ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ನಿಮ್ ಬಾಯಲ್ಲಿ ಬರೋ ಹಂಗೆ ಕಾಣ್ಲಿಲ್ಲ. ಕ್ಯಾಸೆಟ್ ಬಾಯಲ್ಲಾದ್ರೂ ಇನ್ನೊಂದ್ಸಲ ಕೇಳನ ಅಂತ ಸೀರೆ ಉಟ್ಕೊಂಡ್ ಬಂದೆ."

ತೆರಕಣಾಂಬಿ ಹತ್ತಿರ ಬರುತ್ತಿದ್ದಾಗ ಧೈರ್ಯಮಾಡಿ ಅವಳ ಕಿವಿಯ ಹತ್ತಿರ ಬಗ್ಗಿದೆ.

"ಸುಧಾ... ನೀನಿಲ್ದಿರೋ ಮನೆ..."

"ಒಂದ್ನಿಮಿಷ ತಾಳಿ." ಬ್ಯಾಗಿನಿಂದ ಫೋನು ತೆಗೆದು, ಗುಂಡಿ ಒತ್ತಿ, ನನ್ನ ಬಾಯಿಯ ಮುಂದೆ ಹಿಡಿದಳು. "ಹೂಂ. ಈಗ ಹೇಳಿ."

ಹೇಳಿದೆ! ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರು ನಮ್ಮ ಸೀಟಿನ ಹತ್ತಿರ ನಿಂತು ಪೂರ್ತಿ ಕೇಳಿಸಿಕೊಂಡ. ಆಮೇಲೆ ಫೋನಿನ ಕಡೆಗೇ ಬಗ್ಗಿ ಹೇಳಿದ:

"ಸಾ, ಶೆಲ್ಲು ಅನ್ನೋ ತಾವ ಇಂಜಿನ್ ಸೌಂಡ್ ಬಂದ್ಬುಡ್ತು. ಬಸ್ ನಿಲ್ಲುಸ್ಲಾ? ಇನ್ನೊಂದ್ಸಲ ಯೋಳ್ಬುಡಿ!"